ಆರ್‌ಎನ್‌ಎ ಲ್ಯಾಬಿನಲ್ಲಿ 25,000ದ ಪ್ರಾಜೆಕ್ಟ್ ಕೆಲಸ: ಸೇರಲಾ, ಮನೆಯಲ್ಲಿ ಕೂತು ನೆಟ್‌ಗೆ ಓದಲಾ?

ಹಿಪ್ಪುನೇರಳೆ (ಶಿಡ್ಲಘಟ್ಟ)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಪಕ್ಕದ ಒಂದು ಹಳ್ಳಿ. ಈ ವರ್ಷ ಎಂಎಸ್ಸಿ ಬಯೋಟೆಕ್ನಾಲಜಿ ಮುಗಿಯಿತು. 71 ಪರ್ಸೆಂಟ್. ನೆಟ್ (ಸಂಶೋಧನೆಗೆ, ಮೇಷ್ಟ್ರ ಕೆಲಸಕ್ಕೆ ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ) ಒಂದು ಸಲ ಬರೆದೆ, ಆಗಲಿಲ್ಲ.

ಹೋದ ವಾರ ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಆರ್‌ಎನ್‌ಎ (ಡಿಎನ್‌ಎಯಿಂದ ನಕಲಾಗುವ ಅಣು) ಬಯಾಲಜಿ ಲ್ಯಾಬಿನ ಜಾಹೀರಾತು ನೋಡಿದೆ. ಪ್ರಾಜೆಕ್ಟ್ ಅಸೋಸಿಯೇಟ್-1. ನೆಟ್ ಇಲ್ಲದವರಿಗೆ ತಿಂಗಳಿಗೆ 25,000, ಮನೆ ಬಾಡಿಗೆ ಭತ್ಯೆ ಬೇರೆ. ಮೊದಲಿಗೆ ಒಂದು ವರ್ಷ, ಕೆಲಸ ನೋಡಿ ಮುಂದುವರಿಸುತ್ತಾರಂತೆ. ಕೇಳಿರುವ ಅನುಭವ: ಆರ್‌ಎನ್‌ಎ ಎಕ್ಸ್‌ಟ್ರಾಕ್ಷನ್ (ಅದನ್ನು ಬೇರೆ ಮಾಡಿ ತೆಗೆಯುವುದು), ಕ್ಯುಪಿಸಿಆರ್, ನಾರ್ದರ್ನ್ ಬ್ಲಾಟ್ (ಎರಡೂ ಅದು ಎಷ್ಟಿದೆ ಅಂತ ನೋಡುವ ವಿಧಾನ).

ನಿಜ ಹೇಳುತ್ತೇನೆ, ಮೂರರಲ್ಲಿ ಒಂದನ್ನೂ ನಾನು ಕೈಯಾರೆ ಮಾಡಿಲ್ಲ. ನಮ್ಮ ಕಾಲೇಜಿನಲ್ಲಿ ಇಪ್ಪತ್ತೆರಡು ಜನಕ್ಕೆ ಒಂದು ಪಿಸಿಆರ್ ಮೆಷಿನ್. ಮೇಡಂ ಮಾಡುತ್ತಿದ್ದರು, ನಾವು ಸುತ್ತ ನಿಂತು ನೋಡಿ ರೆಕಾರ್ಡ್ ಬರೆಯುತ್ತಿದ್ದೆವು. ಡಿಎನ್‌ಎ ತೆಗೆದಿದ್ದೇನೆ, ಅದೂ ಈರುಳ್ಳಿಯಿಂದ.

ಒಂದು ಟ್ರೈನಿಂಗ್ ಸೆಂಟರ್‌ನವರು ಮೂರು ತಿಂಗಳು 'ಆರ್‌ಎನ್‌ಎ ಟೆಕ್ನಿಕ್ಸ್' ಕಲಿಸಿ ಸರ್ಟಿಫಿಕೇಟ್ ಕೊಡುತ್ತಾರಂತೆ. ಫೀಸು 45,000. ಅಪ್ಪ ರೇಷ್ಮೆ ಗೂಡು ಮಾರಿದ ಮೇಲೆ ಕೊಡುತ್ತೇನೆ ಅಂದರು. ಆದರೆ ಹೋದ ಬೆಳೆ 150 ಮೊಟ್ಟೆ (ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟಷ್ಟೂ) ಮೇಯಿಸಿದ್ದೆವು, ಹಾಲುತೊಂಡೆ (ಹುಳದ ವೈರಸ್ ರೋಗ) ಬಂದು ಅರ್ಧಕ್ಕರ್ಧ ತಿಪ್ಪೆಗೆ ಹೋಯಿತು. ಈಗ ಅವರ ಹತ್ತಿರ ದುಡ್ಡು ಕೇಳಲು ಬಾಯಿ ಬರುತ್ತಿಲ್ಲ.

ಏನು ಮಾಡಲಿ? ಅನುಭವ ಇಲ್ಲದೆ ಅರ್ಜಿ ಹಾಕಿದರೆ ನಗುತ್ತಾರಾ? ಒಂದು ವರ್ಷ ಮನೆಯಲ್ಲೇ ನೆಟ್‌ಗೆ ಓದುವುದು ವಾಸಿಯಾ?

ಮಧುಗಿರಿ ಬೆಟ್ಟ

ನೆಟ್ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ. ಜೆಆರ್‌ಎಫ್ (ನೆಟ್‌ನಿಂದ ಸಿಗುವ ಸಂಶೋಧನಾ ಫೆಲೋಶಿಪ್) ಆದರೆ ತಿಂಗಳಿಗೆ 37,000, ಎರಡು ವರ್ಷ ಆದ ಮೇಲೆ 42,000. 2023ರ ಜನವರಿಯಿಂದ ಇದೇ ರೇಟು. 25,000ಕ್ಕೆ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು ಕಳೆದರೆ ಏನು ಉಳಿಯುತ್ತದೆ? ಪ್ರಾಜೆಕ್ಟ್‌ನವರನ್ನು ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ದುಡಿಸುತ್ತಾರೆ, ಓದಲು ಟೈಮೇ ಸಿಗುವುದಿಲ್ಲ. ನನ್ನ ರೂಮ್‌ಮೇಟ್‌ಗೆ ಹೀಗೇ ಆಯಿತು.

ಗುಬ್ಬಿ ಅಕ್ಕ

ಹಿಪ್ಪುನೇರಳೆ, ನಾನು ಗುಬ್ಬಿಯವಳು. ತುಮಕೂರಿನಲ್ಲಿ ಎಂಎಸ್ಸಿ, ಆಮೇಲೆ ಎರಡು ವರ್ಷ ನೀವು ಹೇಳಿದಂಥದ್ದೇ ಪ್ರಾಜೆಕ್ಟ್ ಕೆಲಸ, ಈಗ ಪಿಎಚ್‌ಡಿ ಐದನೇ ವರ್ಷ. ಪ್ರಾಜೆಕ್ಟಿನಲ್ಲಿ ನಾನು ಮಾಡಿದ್ದು ರೇಷ್ಮೆ ಹುಳದ ಆರ್‌ಎನ್‌ಎ ಕೆಲಸವೇ. ಹಾಗಾಗಿ ನಿಮ್ಮ ಪ್ರಶ್ನೆ ನೋಡಿ ಸುಮ್ನೆ ಹೋಗಲು ಮನಸ್ಸು ಬರಲಿಲ್ಲ. ಉದ್ದ ಆಗುತ್ತದೆ, ಬಸ್ಸಿನಲ್ಲಿ ಕೂತಾಗ ಓದಿ.

ಮೊದಲು ಆ 45,000. ಕೊಡಬೇಡಿ. ಅಂಥ ಕಡೆ ಕಿಟ್ ಕೊಡುತ್ತಾರೆ. ಕಾಲಮ್ಮಿಗೆ ಸುರಿ, ಸೆಂಟ್ರಿಫ್ಯೂಜ್ ತಿರುಗಿಸು, ಮುಗಿಯಿತು. ಯಾಕೆ ಸುರಿದೆವು ಅಂತ ಗೊತ್ತಾಗುವುದಿಲ್ಲ. ನಮ್ಮ ಲ್ಯಾಬಿಗೆ ಬಂದ ಅರ್ಜಿಗಳನ್ನು ಜೋಡಿಸಿಡುವ ಕೆಲಸ ಎರಡು ಸಲ ನನ್ನ ತಲೆಗೆ ಬಿದ್ದಿದೆ. ಸರ್ಟಿಫಿಕೇಟ್ ಹಾಳೆಯನ್ನು ಯಾರೂ ತಿರುಗಿಸಿ ನೋಡಿದ್ದು ನಾನು ಕಾಣೆ. ಜಾಹೀರಾತಿನ ಅನುಭವದ ಪಟ್ಟಿಗೂ ಹೆದರಬೇಡಿ. ಗಂಡು ನೋಡುವಾಗ ಹೇಳುವ ಪಟ್ಟಿ ಇರುತ್ತದಲ್ವಾ, ಅದೂ ಅಂಥದ್ದೇ. ಎಲ್ಲಾ ಇರುವವನು ಯಾರಿಗೂ ಸಿಗುವುದಿಲ್ಲ.

ಇನ್ನು ಆರ್‌ಎನ್‌ಎ ಕೆಲಸಕ್ಕೆ ಏನು ಬೇಕು ಅನ್ನುವುದು. ಆರ್‌ಎನ್‌ಎ ತೆಗೆಯುವುದು ಕಷ್ಟವಲ್ಲ, ಅದನ್ನು ಹಾಳಾಗದಂತೆ ಇಟ್ಟುಕೊಳ್ಳುವುದು ಕಷ್ಟ. ಅದನ್ನು ತುಂಡು ಮಾಡುವ ಕಿಣ್ವ, ಆರ್‌ಎನ್‌ಏಸ್, ನಮ್ಮ ಬೆವರಿನಲ್ಲಿದೆ, ಧೂಳಿನಲ್ಲಿದೆ, ಬಾಗಿಲ ಹಿಡಿಯಲ್ಲಿದೆ. ಕುದಿಸಿದರೂ ಸಾಯುವುದಿಲ್ಲ, ತಣ್ಣಗಾದ ಮೇಲೆ ಮತ್ತೆ ಮಡಚಿಕೊಂಡು ಕೆಲಸ ಶುರು ಮಾಡುತ್ತದೆ. ಅದಕ್ಕೇ ನೀರಿಗೆ ಡಿಇಪಿಸಿ ಅನ್ನುವ, ಆ ಕಿಣ್ವವನ್ನು ಕೆಡಿಸುವ ರಾಸಾಯನಿಕ 0.1 ಪರ್ಸೆಂಟ್ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಆಟೋಕ್ಲೇವ್ ಮಾಡುತ್ತೇವೆ (ಒತ್ತಡದ ಹಬೆಯಲ್ಲಿ ಬೇಯಿಸುವುದು). ಗ್ಲೌಸ್ ಹಾಕಿಕೊಂಡ ಕೈಯಲ್ಲಿ ಫೋನ್ ಮುಟ್ಟಿದರೆ ಆ ಗ್ಲೌಸ್ ಕಸದ ಬುಟ್ಟಿಗೆ. ಕೂದಲು ಸರಿ ಮಾಡಿಕೊಂಡರೂ ಅಷ್ಟೇ. ಸಿಟಿಯಿಂದ ಬಂದ ಹುಡುಗರಿಗೆ ಇದನ್ನು ರೂಢಿ ಮಾಡಿಸುವುದರಲ್ಲೇ ಮೂರು ತಿಂಗಳು ಹೋಗುತ್ತದೆ.

ಈಗ ನೀವು ಹೇಳಿ. ಹುಳದ ಮನೆಗೆ ಹೋಗುವ ಮೊದಲು ಏನು ಮಾಡುತ್ತೀರಿ? ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ಅದ್ದುತ್ತೀರಿ, ಕೈ ತೊಳೆಯುತ್ತೀರಿ. ಚಾಕಿ (ಎಳೆಯ) ಹುಳ ಇರುವಾಗ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಒಂದು ತಟ್ಟೆಯ ಸತ್ತ ಹುಳ ಎತ್ತಿದ ಕೈಯನ್ನು ಇನ್ನೊಂದು ತಟ್ಟೆಗೆ ಹಾಕುವುದಿಲ್ಲ. ಇದು ನಿಮಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಕಣ್ಣಿಗೆ ಕಾಣದ್ದು ಎಲ್ಲೆಲ್ಲಿ ಅಂಟಿಕೊಂಡಿರುತ್ತದೆ ಅಂತ ಯೋಚಿಸುವ ತಲೆ ನಿಮಗಿದೆ. ಪಿಪೆಟ್ ಹಿಡಿಯುವುದನ್ನು ಒಂದು ವಾರದಲ್ಲಿ ಕಲಿಸಬಹುದು, ಇದನ್ನು ಆಗುವುದಿಲ್ಲ.

ನನ್ನದೇ ಒಂದು ಕತೆ. ಪ್ರಾಜೆಕ್ಟ್ ಸೇರಿದ ಎರಡನೇ ತಿಂಗಳು. ಐದನೇ ಹಂತದ ಹುಳ ಕೊಯ್ದು, ಕೊಬ್ಬಿನ ಅಂಗಾಂಶದಿಂದ ಟ್ರೈಜಾಲ್ ಅನ್ನುವ ದ್ರಾವಣ ಹಾಕಿ ಆರ್‌ಎನ್‌ಎ ತೆಗೆದೆ. ಕ್ಲೋರೋಫಾರ್ಮ್ ಹಾಕಿ ತಿರುಗಿಸಿದರೆ ಕೆಳಗೆ ಗುಲಾಬಿ ಪದರ, ನಡುವೆ ಬಿಳಿ ಗೆರೆ, ಮೇಲೆ ತಿಳಿ ನೀರು. ಆ ತಿಳಿಯಲ್ಲೇ ಆರ್‌ಎನ್‌ಎ ಇರುವುದು. ನಡುವಿನ ಬಿಳಿ ಗೆರೆಗೆ ತಾಗದ ಹಾಗೆ, ಉಸಿರು ಬಿಗಿ ಹಿಡಿದು ಎತ್ತಿದೆ. ಶುದ್ಧತೆ ಹೇಳುವ 260/280 ಅಳತೆ ನೋಡಿದರೆ 2.0, ಅಂದರೆ ಶುದ್ಧ. ಖುಷಿಯೋ ಖುಷಿ. ತುಂಡುಗಳನ್ನು ಉದ್ದದ ಪ್ರಕಾರ ಬೇರೆ ಮಾಡುವ ಜೆಲ್‌ನಲ್ಲಿ ಓಡಿಸಿದರೆ ಒಂದೇ ಪಟ್ಟಿ!

ಪುಸ್ತಕದಲ್ಲಿ ಎರಡು ಪಟ್ಟಿ ಇರಬೇಕು, ರೈಬೋಸೋಮಿನ ದೊಡ್ಡ ಆರ್‌ಎನ್‌ಎ 28ಎಸ್ ಮತ್ತು ಚಿಕ್ಕದು 18ಎಸ್. ಮೇಲಿನದ್ದು ಕೆಳಗಿನದಕ್ಕಿಂತ ಎರಡರಷ್ಟು ದಪ್ಪ ಇರಬೇಕು. ನನ್ನ ಜೆಲ್‌ನಲ್ಲಿ ಮೇಲಿನದ್ದೇ ಇಲ್ಲ. ಅಲ್ಲಿದ್ದ ಸೀನಿಯರ್ ನೋಡಿ 'ಹಾಳು ಮಾಡಿದ್ದೀಯ, ಬಿಸಾಡು' ಅಂದರು. ಬಿಸಾಡಿದೆ. ಮತ್ತೆ ತೆಗೆದೆ, ಮತ್ತೆ ಒಂದೇ ಪಟ್ಟಿ. ನಾಲ್ಕು ಸಲ. ಹದಿನಾರು ಟ್ಯೂಬು ಹೋಯಿತು. ಹಾಸ್ಟೆಲ್ಲಿಗೆ ಬಂದು ಅಮ್ಮನಿಗೆ ಫೋನ್ ಮಾಡಿ ಊರಿಗೆ ಬರುತ್ತೇನೆ ಅಂದೆ.

ಐದನೇ ಸಲ ಪಕ್ಕದ ಲ್ಯಾಬಿನ ಒಬ್ಬರು ಜೆಲ್ ನೋಡಿ ನಕ್ಕರು. ರೇಷ್ಮೆ ಹುಳವೂ ಸೇರಿ ಬಹಳಷ್ಟು ಕೀಟಗಳಲ್ಲಿ 28ಎಸ್ ಆರ್‌ಎನ್‌ಎಯ ನಡುವೆ ಒಂದು ಕಡಿತ ಮೊದಲೇ ಇರುತ್ತದಂತೆ. ಎರಡು ತುಂಡೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಗೊತ್ತಾಗುವುದಿಲ್ಲ. ಜೆಲ್‌ಗೆ ಹಾಕುವ ಮೊದಲು ಬಿಸಿ ಮಾಡುತ್ತೇವಲ್ವಾ, ಆಗ ಬಿಟ್ಟುಕೊಳ್ಳುತ್ತವೆ. ಎರಡೂ ತುಂಡು ಹೆಚ್ಚುಕಡಿಮೆ 18ಎಸ್ ಅಳತೆಯವೇ. ಮೂರೂ ಒಂದೇ ಕಡೆ ಓಡಿ ಒಂದೇ ಪಟ್ಟಿ. ಜಪಾನಿನವರು ಇದನ್ನು ರೇಷ್ಮೆ ಹುಳದಲ್ಲೇ 1986ರಲ್ಲಿ ಬಿಡಿಸಿ ಬರೆದಿದ್ದರು. ನಾನು ಬಿಸಾಡಿದ್ದೆಲ್ಲ ಚಿನ್ನದಂಥ ಆರ್‌ಎನ್‌ಎ!

ಇದನ್ನು ಹೇಳಿದ್ದು ಸೀನಿಯರನ್ನು ಬೈಯಲು ಅಲ್ಲ (ಸ್ವಲ್ಪ ಬೈಯಲೂ ಹೌದು). ಲ್ಯಾಬ್ ಆರಿಸುವಾಗ ಕಲಿಸುವವರು ಯಾರು ಅಂತ ನೋಡಿ. ಪ್ರೊಫೆಸರ್ ಹೆಸರು ಎಷ್ಟೇ ದೊಡ್ಡದಿರಲಿ, ನಿಮ್ಮ ಪಕ್ಕ ನಿಂತು ಟ್ಯೂಬು ತೋರಿಸುವುದು ಅವರಲ್ಲ, ಮೂರನೇ ನಾಲ್ಕನೇ ವರ್ಷದ ಪಿಎಚ್‌ಡಿಯವರು. ಇಂಟರ್‌ವ್ಯೂ ದಿನ ಅವರ ಜೊತೆ ಒಂದು ಟೀ ಕುಡಿಯಿರಿ. ನಿಮಗಿಂತ ಮೊದಲು ಆ ಜಾಗದಲ್ಲಿ ಇದ್ದವರು ಎಲ್ಲಿಗೆ ಹೋದರು ಅಂತ ಕೇಳಿ. 'ಪಿಎಚ್‌ಡಿಗೆ ಹೋದರು' ಅಂದರೆ ಒಳ್ಳೆಯದು. 'ಯಾಕೋ ಬಿಟ್ಟರು' ಅಂತ ಮುಖ ತಿರುಗಿಸಿದರೆ ಅರ್ಥ ಮಾಡಿಕೊಳ್ಳಿ.

ಪ್ರಾಜೆಕ್ಟ್ ಯಾವ ತಿಂಗಳು ಮುಗಿಯುತ್ತದೆ ಅಂತ ಬಾಯಿಬಿಟ್ಟು ಕೇಳಿ. ನಾಚಿಕೆ ಬೇಡ. 'ಒಂದು ವರ್ಷ' ಅಂತ ಬರೆದು, ಗ್ರಾಂಟು ಆರೇ ತಿಂಗಳಿಗೆ ಮುಗಿಯುವುದೂ ಉಂಟು. ದುಡ್ಡು ತಡವಾಗುವುದಂತೂ ಮಾಮೂಲಿ. ನನಗೆ ಮೊದಲ ನಾಲ್ಕು ತಿಂಗಳು ಒಂದು ರೂಪಾಯಿ ಬರಲಿಲ್ಲ, ಐದನೇ ತಿಂಗಳು ಒಟ್ಟಿಗೆ ಬಂತು. ಅಲ್ಲಿಯವರೆಗೆ ಅಣ್ಣ ಕೊಬ್ಬರಿ ಮಾರಿದ ದುಡ್ಡು ಕಳಿಸುತ್ತಿದ್ದ. ಮೂರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಹೊರಡಿ. ಆ 45,000 ಇದಕ್ಕೆ ಬೇಕಾಗುತ್ತದೆ.

ಮಧುಗಿರಿ ಬೆಟ್ಟ ಅವರ ಮಾತು ಪೂರ್ತಿ ತಪ್ಪಲ್ಲ. ಓದಲು ಟೈಮ್ ಕಡಿಮೆ, ನಿಜ. ಆದರೆ ನೆಟ್‌ನ 200 ಅಂಕದಲ್ಲಿ 100 ಸಿ ಭಾಗದ್ದು. ಅಲ್ಲಿ ಜೆಲ್ ಚಿತ್ರ ಕೊಟ್ಟು, ಗ್ರಾಫ್ ಕೊಟ್ಟು, ಏನಾಗಿದೆ ಹೇಳಿ ಅನ್ನುತ್ತಾರೆ. ನಾನು ಮನೆಯಲ್ಲಿ ಕೂತು ಓದಿ ಎರಡು ಸಲ ಫೇಲ್. ಲ್ಯಾಬಿಗೆ ಸೇರಿ ಒಂದೂವರೆ ವರ್ಷಕ್ಕೆ ಪಾಸಾದೆ. ಎಲ್ಲರಿಗೂ ಹೀಗೇ ಆಗುತ್ತದೆ ಅನ್ನುವುದಿಲ್ಲ. ನನ್ನಂತೆ ಪುಸ್ತಕ ಕಂಡರೆ ನಿದ್ದೆ ಬರುವವರಿಗೆ ಇದೇ ದಾರಿ.

ಹಾಲುತೊಂಡೆ ಅಂದಿರಲ್ಲ, ಅದರ ವೈರಸ್ಸಿನ ಜೀನುಗಳನ್ನು ಆರ್‌ಎನ್‌ಎ ಇಂಟರ್‌ಫಿಯರೆನ್ಸ್‌ನಿಂದ ಸುಮ್ಮನಾಗಿಸುವ ಹುಳಗಳನ್ನು ಹೈದರಾಬಾದಿನ ಸಿಡಿಎಫ್‌ಡಿ ಅನ್ನುವ ಸಂಶೋಧನಾ ಕೇಂದ್ರದವರು ಮಾಡಿ 2013ರಲ್ಲಿ ಪ್ರಕಟಿಸಿದ್ದಾರೆ. ಜೊತೆಗಿದ್ದದ್ದು ಹಿಂದೂಪುರದ ರೇಷ್ಮೆ ಸಂಶೋಧನಾ ಸಂಸ್ಥೆ. ಗೌರಿಬಿದನೂರು ದಾಟಿದರೆ ಹಿಂದೂಪುರ, ನಿಮಗೆ ಗೊತ್ತೇ ಇದೆ. ಇನ್ನೊಂದು, ಹುಳ ಹೆಣ್ಣಾಗಬೇಕೋ ಬೇಡವೋ ಅಂತ ತೀರ್ಮಾನಿಸುವುದು ಪೈಆರ್‌ಎನ್‌ಎ ಅನ್ನುವ ಬಗೆಯ ಒಂದು ಪುಟ್ಟ ಆರ್‌ಎನ್‌ಎ. ಟೋಕಿಯೋ ವಿಶ್ವವಿದ್ಯಾಲಯದವರು 2014ರಲ್ಲಿ ಕಂಡುಹಿಡಿದರು. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಹೆಂಗಸರು ಗಂಡು ಹೆಣ್ಣು ಬೇರೆ ಮಾಡುತ್ತಾ ಕೂರುತ್ತಾರಲ್ಲ, ಅದರ ಹಿಂದಿರುವ ಕತೆ ಅದು. ಇವೆರಡನ್ನೂ ಓದಿಕೊಂಡು ಹೋಗಿ.

ಮತ್ತೆ, ಒಂದೇ ಕಡೆ ಅರ್ಜಿ ಹಾಕಿ ಕಾಯಬೇಡಿ. ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಇರುವುದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆ ಒಳಗೆ. ಚಿಕ್ಕಬಳ್ಳಾಪುರದ ಬಸ್ಸು ಅದರ ಮುಂದೆಯೇ ಹೋಗುತ್ತದೆ. ಅಲ್ಲಿ ಗಿಡಗಳ ಸಣ್ಣ ಆರ್‌ಎನ್‌ಎ ಮೇಲೆ ಕೆಲಸ ಮಾಡುವವರಿದ್ದಾರೆ. ಐಐಎಸ್‌ಸಿಯಲ್ಲೂ ಆರ್‌ಎನ್‌ಎ ಲ್ಯಾಬುಗಳಿವೆ.

ಕೋಲಾರದ ಮೇಷ್ಟ್ರು

ನೋಡಮ್ಮ, ಗುಬ್ಬಿಯವರು ಎಲ್ಲಾ ಹೇಳಿದ್ದಾರೆ. ನನ್ನದು ಸಣ್ಣ ಸೇರ್ಪಡೆ. ನಿಮ್ಮ ಜೂನಿಯರ್‌ಗಳಿಗೆ ಬೇಸಿಗೆ ಫೆಲೋಶಿಪ್ ಬಗ್ಗೆ ಈಗಲೇ ಹೇಳಿ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವುದು. ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಕೆಲಸ, ದುಡ್ಡನ್ನೂ ಅವರೇ ಕೊಡುತ್ತಾರೆ. ಮೇಷ್ಟ್ರುಗಳೂ ಹಾಕಬಹುದು. ನಾನು ನಲವತ್ತಾರನೇ ವಯಸ್ಸಿನಲ್ಲಿ ಹೋಗಿ ಬಂದೆ, ಮಗನ ವಯಸ್ಸಿನ ಹುಡುಗ ನನಗೆ ಪಿಪೆಟ್ ಹಿಡಿಯಲು ಹೇಳಿಕೊಟ್ಟ. ನಮ್ಮ ಕಾಲೇಜುಗಳಲ್ಲಿ ಮಕ್ಕಳು ಸುತ್ತ ನಿಂತು ನೋಡುತ್ತಾರೆ ಅಂದಿರಲ್ಲ, ಓದಿ ನಾಚಿಕೆಯಾಯಿತು. ನಮ್ಮಲ್ಲೂ ಹಾಗೇ ಇತ್ತು.

ಎಂಆರ್‌ಎನ್‌ಎ (ಪ್ರೋಟೀನ್ ಮಾಡಲು ಜೀನಿನ ಸಂದೇಶ ಒಯ್ಯುವ ಆರ್‌ಎನ್‌ಎ) ಅಂದರೆ ಎಲ್ಲರೂ ಕೋವಿಡ್ ಲಸಿಕೆ ಅನ್ನುತ್ತಾರೆ. ಒಂದು ಜೀನಿನ ಎಂಆರ್‌ಎನ್‌ಎಯನ್ನು ಶುದ್ಧವಾಗಿ ಬೇರೆ ಮಾಡಿದ ಮೊದಮೊದಲ ಕೆಲಸಗಳಲ್ಲಿ ಒಂದು ನಡೆದದ್ದು ರೇಷ್ಮೆ ಹುಳದಲ್ಲಿ. 1972ರಲ್ಲಿ ಸುಜುಕಿ ಮತ್ತು ಬ್ರೌನ್ ಅನ್ನುವವರು ರೇಷ್ಮೆ ಗ್ರಂಥಿಯಿಂದ ಫೈಬ್ರಾಯಿನ್ (ರೇಷ್ಮೆ ಎಳೆಯ ಪ್ರೋಟೀನ್) ಎಂಆರ್‌ಎನ್‌ಎ ತೆಗೆದರು. ಗೂಡು ಕಟ್ಟುವ ಹುಳ ಅದೊಂದನ್ನೇ ರಾಶಿ ರಾಶಿ ಮಾಡುತ್ತದೆ, ಅದಕ್ಕೇ ಸುಲಭವಾಯಿತು.

ಹಿಪ್ಪುನೇರಳೆ

ಅಕ್ಕ, ಮೇಷ್ಟ್ರೇ, ಎರಡು ಸಲ ಓದಿದೆ. ಟ್ರೈನಿಂಗ್ ಸೆಂಟರ್‌ನವರಿಗೆ ಬರುವುದಿಲ್ಲ ಅಂದೆ. ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದಾರೆ, ಈಗ 30,000ಕ್ಕೆ ಇಳಿದಿದ್ದಾರೆ!

ಅರ್ಜಿಯ ಪತ್ರ ಬರೆಯುತ್ತಿದ್ದೇನೆ. ಅನುಭವ ಇಲ್ಲ ಅಂತ ನೇರ ಬರೆದೆ. ಕೆಳಗೆ ಹುಳದ ಮನೆ ವಿಷಯ, ಹೋದ ಬೆಳೆಯ ಹಾಲುತೊಂಡೆ ವಿಷಯ ಬರೆಯಲಾ? ಇಂಗ್ಲಿಷ್ ಪತ್ರದಲ್ಲಿ ಅದೆಲ್ಲಾ ಬರೆದರೆ ಹಳ್ಳಿ ಗುಗ್ಗು ಅಂದುಕೊಳ್ಳುತ್ತಾರಾ?

ಗುಬ್ಬಿ ಅಕ್ಕ

ಬರೆಯಿರಿ. 'ರೋಗ ಬಂತು' ಅಂತ ಬರೆದು ಬಿಡಬೇಡಿ. ಯಾವ ಜ್ವರ (ಹುಳ ಪೊರೆ ಬಿಡಲು ಮಲಗುವುದು) ಎದ್ದ ಮೇಲೆ ಬಂತು, ಮೊದಲು ಯಾವ ತಟ್ಟೆಯಲ್ಲಿ ಕಂಡಿರಿ, ನೀವು ಏನು ಮಾಡಿದಿರಿ, ಅದನ್ನು ಬರೆಯಿರಿ. ನಾಲ್ಕು ಸಾಲು ಸಾಕು.

ಹಿಪ್ಪುನೇರಳೆ

ನಾಲ್ಕನೇ ಜ್ವರ ಎದ್ದು ಮೂರನೇ ದಿನ. ಕಿಟಕಿ ಪಕ್ಕದ ತಟ್ಟೆಯ ಅಂಚಿನಲ್ಲಿ ಹುಳ ಸುತ್ತುತ್ತಿದ್ದವು, ಮುಟ್ಟಿದರೆ ಹಾಲಿನಂತೆ ಸೋರಿತು. ಬರೆಯುತ್ತೇನೆ ಅಕ್ಕ.