ಅಪ್ಪ 20 ವರ್ಷದ ಹಿಂದೆ ನುಡಿ ತಂತ್ರಾಂಶದಲ್ಲಿ ಬರೆದದ್ದನ್ನು ಅವರಿಗೇ ಓದಿ ಕೇಳಿಸಬೇಕು, ಹೇಗೆ?

ಪ್ರಶ್ನೆ: ಹೊಳೆಬಾಗಿಲು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನಗೆ 49. ಬೆಂಗಳೂರಿನಲ್ಲಿ ಐಟಿ ಕೆಲಸ. 2000 ಇಸವಿ ಬಂದರೆ ಕಂಪ್ಯೂಟರುಗಳು ಕೆಡುತ್ತವೆ ಅನ್ನುವ ವೈಟುಕೆ ಭಯ ಜೋರಾಗಿದ್ದ 1999ರಲ್ಲಿ, ಕೋಬಾಲ್ ಅನ್ನುವ ಹಳೆಯ ಪ್ರೋಗ್ರಾಮಿಂಗ್ ಭಾಷೆ ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಕೆಲಸ ಸಿಕ್ಕಿತು. ಅವತ್ತಿನಿಂದ ಮಾಡುತ್ತಿರುವುದು ಹೆಚ್ಚುಕಡಿಮೆ ಒಂದೇ ಕೆಲಸ. ಬ್ಯಾಂಕುಗಳ ಹಳೆಯ ದೊಡ್ಡ ಕಂಪ್ಯೂಟರ್, ಅಂದರೆ ಮೇನ್‌ಫ್ರೇಮಿನಲ್ಲಿರುವ ಮಾಹಿತಿಯನ್ನು ಹೊಸ ವ್ಯವಸ್ಥೆಗೆ ಸಾಗಿಸುವುದು. ಒಂದು ಪೈಸೆ ಆಚೀಚೆ ಆಗಬಾರದು, ಒಂದು ಹೆಸರು ಕೆಡಬಾರದು.

ಅಪ್ಪನಿಗೆ 81. ಸಾಗರದ ಹತ್ತಿರ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿದ್ದರು. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗ ಅವರಿಗೆ 20 ವರ್ಷ. ಮನೆ, ಗದ್ದೆ, ಅಡಿಕೆ ತೋಟ ಎಲ್ಲ ಮುಳುಗಿತು. 2002ರಲ್ಲಿ ನಿವೃತ್ತರಾದ ಮೇಲೆ ನಾನು ಒಂದು ಕಂಪ್ಯೂಟರ್ ತಂದುಕೊಟ್ಟು, ಕನ್ನಡ ಬರೆಯುವ ನುಡಿ ತಂತ್ರಾಂಶ ಹಾಕಿಕೊಟ್ಟೆ. ಕೀಲಿಮಣೆಯ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿದ್ದೆ. ಮೂರೇ ವಾರಕ್ಕೆ ಅವನ್ನು ಕಿತ್ತು ಹಾಕಿದರು, ಬೆರಳಿಗೆ ಅಭ್ಯಾಸ ಆಗಿತ್ತು. 2003ರಿಂದ 2011ರವರೆಗೆ ದಿನಾ ಬೆಳಿಗ್ಗೆ ಕಾಫಿ ಕುಡಿದು ಒಂದು ಗಂಟೆ ಬರೆದರು. ಮುಳುಗಿದ ಊರಿನ ಬಗ್ಗೆ. ಯಾರ ಮನೆ ಎಲ್ಲಿತ್ತು, ಯಾವ ಗದ್ದೆಗೆ ಏನು ಹೆಸರು, ಯಾವ ಬಾವಿಯ ನೀರು ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ, ಲಾರಿ ಬಂದ ದಿನ ಯಾರು ಏನು ಬಿಟ್ಟು ಹೊರಟರು. ಒಟ್ಟು 143 ಫೈಲು.

2012ರಿಂದ ಗ್ಲಾಕೋಮಾ ಅನ್ನುವ ಕಣ್ಣಿನ ರೋಗ. ಈಗ ಅವರಿಗೆ ಬೆಳಕು, ಕತ್ತಲೆ ಇಷ್ಟೇ ತಿಳಿಯುವುದು.

2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆಯಿತಲ್ಲ, ಆಗಸ್ಟಿನಲ್ಲಿ ಅಪ್ಪನನ್ನು ಕರೆದುಕೊಂಡು ಹೋದೆ. ಇಷ್ಟು ವರ್ಷ ಲಾಂಚಿನಲ್ಲೇ ಈ ಹಿನ್ನೀರು ದಾಟಿದವರು ಅವರು. ಸೇತುವೆಯ ಮಧ್ಯದಲ್ಲಿ ಕಾರಿನ ಕಿಟಕಿ ಇಳಿಸು ಅಂದರು. ಗಾಳಿಗೆ ಮುಖ ಕೊಟ್ಟು ಕೂತರು. "ನೀರು ಎಲ್ಲಿಯವರೆಗೆ ಬಂದಿದೆ?" ಅಂತ ಕೇಳಿದರು. ಹೇಳಿದೆ. ಆಮೇಲೆ, "ನಾನು ಬರೆದದ್ದು ನಿನ್ನ ಹತ್ತಿರ ಇದೆಯಾ? ಒಂದು ಸಲ ಕೇಳಬೇಕು. ಕೆಲವು ಹೆಸರು ಮರೆತು ಹೋಗುತ್ತಿದೆ" ಅಂದರು.

ಹುಡುಕಿದೆ. 2006ರ ಸಿಡಿ ಓದಲು ಬರಲಿಲ್ಲ. ಹಳೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಅಟ್ಟದಲ್ಲಿತ್ತು. ಅದು ಅಗಲ ಪಟ್ಟಿಯ ಕೇಬಲ್ಲಿನ ಕಾಲದ್ದು. ಎಸ್.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ತಿರುಗಿ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ತಂದೆ. ಡಿಸ್ಕ್ ತಿರುಗಿತು. 143 ಫೈಲೂ ಸಿಕ್ಕಿತು.

ತೆರೆದರೆ ತಲೆಬುಡ ತಿಳಿಯದ ಇಂಗ್ಲಿಷ್ ಚಿಹ್ನೆಗಳು. ಹಳೆಯ ನುಡಿ ಫಾಂಟ್ ಹಾಕಿದ ಕೂಡಲೇ ಕಣ್ಣಿಗೆ ಕನ್ನಡ ಕಾಣಿಸುತ್ತದೆ. ಆದರೆ ಫೋನಿಗೆ ಕಳಿಸಿ ಓದು ಅಂದರೆ ಇಂಗ್ಲಿಷ್ ದನಿ ಏನೇನೋ ಗೊಣಗುತ್ತದೆ. ಅಪ್ಪ ಅದನ್ನು ಅರ್ಧ ನಿಮಿಷ ಕೇಳಿ ಫೋನನ್ನು ಮೆಲ್ಲಗೆ ಪಕ್ಕಕ್ಕಿಟ್ಟರು.

ಫೈಲುಗಳ ಈ ರೋಗ ನನಗೆ ಚೆನ್ನಾಗಿ ಗೊತ್ತು. ಕಂಪ್ಯೂಟರಿನ ಒಳಗೆ ಅಕ್ಷರ ಅಂದರೆ ಒಂದು ಸಂಖ್ಯೆ. ಮೇನ್‌ಫ್ರೇಮಿನಲ್ಲಿ ಇಂಗ್ಲಿಷಿನ ದೊಡ್ಡ 'ಎ' ಅಕ್ಷರಕ್ಕೆ 193 ಅನ್ನುವ ಸಂಖ್ಯೆ, ಬೇರೆ ಕಡೆ 65. ಆ ನಕ್ಷೆ ಹಿಡಿದುಕೊಂಡೇ 26 ವರ್ಷ ಸಂಬಳ ತೆಗೆದುಕೊಂಡಿದ್ದೇನೆ. ಯಾರದೋ ಲೆಕ್ಕ ಕೆಡದ ಹಾಗೆ ಕಾದೆ. ಅಪ್ಪನ ಬರಹ ಅಟ್ಟದಲ್ಲಿತ್ತು. ಇದು ನನಗೆ ತುಂಬಾ ನೋವು ಕೊಟ್ಟಿದೆ.

ಜಾಲದಲ್ಲಿ ಸಿಗುವ ಒಂದು ಪರಿವರ್ತಕದಲ್ಲಿ ಹಾಕಿ ನೋಡಿದೆ. ಮುಕ್ಕಾಲು ಪಾಲು ಸರಿ ಬಂತು. ಆದರೆ 'ವರ್ಷ' ಹೋಗಿ 'ವಷ್ರ' ಆಗಿದೆ. ನಡುನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಆಗಿವೆ. ನನ್ನ ಪ್ರಶ್ನೆ ಮೂರು. 143 ಫೈಲನ್ನು ತಪ್ಪಿಲ್ಲದೆ ಯೂನಿಕೋಡಿಗೆ, ಅಂದರೆ ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತಕ್ಕೆ, ತರುವುದು ಹೇಗೆ? ಕಣ್ಣು ಕಾಣದ ಹಿರಿಯರಿಗೆ ಕೇಳಲು ಯಾವ ದಾರಿ ಸುಲಭ? ಇನ್ನೊಂದು, ಅಪ್ಪ ಊರ ಮಾತಿನಲ್ಲೇ ಬರೆದಿದ್ದಾರೆ, ಬೆರಳು ತಪ್ಪಿದ್ದೂ ಇದೆ. ಅವನ್ನು ನಾನು ತಿದ್ದಬಹುದಾ?

ಉತ್ತರ: ಅಚ್ಚುಮೊಳೆ

ನಾನು ಹುಬ್ಬಳ್ಳಿಯಲ್ಲಿ 30 ವರ್ಷದಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಜೋಡಿಸುವ ಕೆಲಸ, ಮಾಡುವವನು. ಮೊದಲ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ.

ಹಳೆಯ ನುಡಿ ಫಾಂಟನ್ನು ಮೊಳೆ ಜೋಡಿಸುವ ಪ್ರೆಸ್ಸಿನ ಹಾಗೆ ನೋಡಿ. ಅಲ್ಲಿ ಅಕ್ಷರ ಇಲ್ಲ, ಅಕ್ಷರದ ತುಂಡುಗಳಿವೆ. 'ಕ' ಅಂದರೆ ಒಳಗೆ ಇಂಗ್ಲಿಷಿನ ದೊಡ್ಡ 'ಪಿ', ಪಕ್ಕದಲ್ಲಿ ತಲೆಯ ಮೇಲೆ ಗೀರು ಇರುವ 'ಎ'. ಆ ಗೀರಿನ 'ಎ' ತಲೆಕಟ್ಟು. 'ನ' ಅಂದರೆ ಪೌಂಡ್ ಹಣದ ಗುರುತು, ಮತ್ತೆ ಅದೇ ತಲೆಕಟ್ಟು. 'ಕನ್ನಡ' ಪದಕ್ಕೆ ಹೀಗೆ 7 ತುಂಡು ಬೇಕು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ತೆಗೆದರೆ ಪಿ, ಪೌಂಡು ಉಳಿಯುತ್ತದೆ.

ಯೂನಿಕೋಡ್ ಬರೆಯುವುದು ಉಚ್ಚಾರಣೆಯ ಕ್ರಮದಲ್ಲಿ. ಕನ್ನಡಕ್ಕೆ ಅಂತ 128 ಮನೆ ಕಾಯ್ದಿರಿಸಿದ್ದಾರೆ. 'ಕನ್ನಡ' ಅಲ್ಲಿ ಕ, ನ, ಹಲಂತ, ನ, ಡ, ಒಟ್ಟು 5. ಓದುವ ದನಿಗೆ ಬೇಕಾಗಿರುವುದೂ ಇದೇ.

ನಿಮ್ಮ 'ವಷ್ರ' ಹೇಗಾಯಿತು ನೋಡಿ. ಅರ್ಕಾವತ್ತು ಕಣ್ಣಿಗೆ ಅಕ್ಷರದ ಬಲಕ್ಕೆ ಕಾಣುತ್ತದೆ. ನುಡಿ ಅದನ್ನು ಕಂಡ ಜಾಗದಲ್ಲೇ, ಅಂದರೆ 'ಷ' ಆದ ಮೇಲೆ ಇಟ್ಟಿದೆ. ಯೂನಿಕೋಡಿನಲ್ಲಿ 'ರ' ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಎಳೆದು ಇಡಬೇಕು. ಬರೀ ಒಂದು ಅಕ್ಷರ ಹಿಂದೆ ಹೋದರೆ ಸಾಲದು. ಒತ್ತು, ಗುಣಿತ ಎಲ್ಲ ಸೇರಿದ ಇಡೀ ಗುಂಪನ್ನು ದಾಟಿ ಇಡಬೇಕು.

'ಯ'ದಲ್ಲೂ ಹುಷಾರು. ನುಡಿಯಲ್ಲಿ ಅದಕ್ಕೆ 4 ತುಂಡು, ಮೊದಲ ತುಂಡು ಇಂಗ್ಲಿಷಿನ ಬರೀ 'ಎ'. ಅನುಸ್ವಾರದ ಸೊನ್ನೆಗೂ ಅದೇ 'ಎ'. ಆದ್ದರಿಂದ ಉದ್ದದ ಜೋಡಣೆಯನ್ನು ಮೊದಲು ಹುಡುಕಿ ಬದಲಿಸಿ, ಆಮೇಲೆ ಚಿಕ್ಕದ್ದನ್ನು. ಇಲ್ಲದಿದ್ದರೆ ಎಲ್ಲ 'ಯ'ದ ಜಾಗದಲ್ಲೂ ಸೊನ್ನೆ ಬಂದು ಕೂರುತ್ತದೆ.

ಇಂಗ್ಲಿಷ್ ಕೆಟ್ಟದ್ದಕ್ಕೆ ಕಾರಣ, ನೀವು ಬರೀ ಪಠ್ಯ ಕಾಪಿ ಮಾಡಿ ಹಾಕಿದ್ದು. ಹಾಗೆ ಮಾಡಿದರೆ ಯಾವ ಪದಕ್ಕೆ ಯಾವ ಫಾಂಟ್ ಇತ್ತು ಅನ್ನುವುದು ಅಳಿಸಿ ಹೋಗುತ್ತದೆ. ಫೈಲನ್ನು ಲಿಬ್ರೆ ಆಫೀಸಿನಲ್ಲಿ ತೆರೆದು ಹೊಸ ರೂಪದಲ್ಲಿ ಉಳಿಸಿ. ಆಮೇಲೆ ಒಂದು ಚಿಕ್ಕ ಪ್ರೋಗ್ರಾಂ ಬರೆದು ಫಾಂಟಿನ ಹೆಸರು ನೋಡುತ್ತಾ ಹೋಗಿ. ನುಡಿ ಅಂತ ಇದ್ದ ತುಂಡನ್ನು ಮಾತ್ರ ಬದಲಿಸಿ. ನಿಮಗೆ ಇದು ಕಷ್ಟದ ಕೆಲಸ ಆಗುವುದಿಲ್ಲ.

ಕೊನೆಗೆ ಯೂನಿಕೋಡ್ ನಾರ್ಮಲೈಸ್ ಮಾಡುವುದನ್ನು, ಅಂದರೆ ಎಲ್ಲವನ್ನೂ ಒಂದೇ ರೀತಿಯ ಸಂಕೇತಕ್ಕೆ ತರುವುದನ್ನು, ಮರೆಯಬೇಡಿ. 'ಕೇ' ಬರೆಯಲು ಎರಡು ದಾರಿ ಇದೆ. ಏತ್ವಕ್ಕೆ ದೀರ್ಘವನ್ನು ಬೇರೆಯಾಗಿ ಸೇರಿಸಿದ್ದು ಒಂದು, ಎರಡೂ ಕೂಡಿದ ಒಂದೇ ಸಂಕೇತ ಇನ್ನೊಂದು. ಕಣ್ಣಿಗೆ ಎರಡೂ ಒಂದೇ. ಹುಡುಕಿದಾಗ ಮಾತ್ರ ಸಿಗುವುದಿಲ್ಲ. ಇದಕ್ಕೆ ನಾನು ಒಂದು ಇಡೀ ಪುಸ್ತಕದ ಪದಸೂಚಿ ಎರಡು ಸಲ ಮಾಡಿದ್ದೇನೆ.

ಇನ್ನೊಂದು ಮಾತು. ಆ ಕಾಲದ ತಂತ್ರಾಂಶವನ್ನು ಬೈಯುವವರು ಜಾಸ್ತಿ. ನಾನು ಬೈಯುವುದಿಲ್ಲ. 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಕೆ.ಪಿ. ರಾವ್ ಅವರ ಕೀಲಿಮಣೆ, ಇವು ಇಲ್ಲದಿದ್ದರೆ ನಿಮ್ಮ ತಂದೆಯವರು ಬರೆಯುತ್ತಲೇ ಇರಲಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಬೇಕೆಂದರೆ ಸಿಡಿ ಹಾಕಿ ಬೇರೆಯಾಗಿ ಸೇರಿಸಿಕೊಳ್ಳಬೇಕಿತ್ತು. ಎಷ್ಟು ಮನೆಯಲ್ಲಿ ಆ ಸಿಡಿ ಇತ್ತು ಹೇಳಿ?

ಉತ್ತರ: ಆರು ಚುಕ್ಕಿ

ನಾನು ಹುಟ್ಟಿನಿಂದ ಕಣ್ಣು ಕಾಣದವನು. ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಫೋನಿನಲ್ಲಿ ಟಾಕ್‌ಬ್ಯಾಕ್ ಬಳಸುತ್ತೇನೆ, ಎರಡೂ ಪರದೆಯ ಮೇಲೆ ಇದ್ದದ್ದನ್ನು ಓದಿ ಹೇಳುವ ತಂತ್ರಾಂಶ. ನಿಮ್ಮ ತಂದೆ ಅರ್ಧ ನಿಮಿಷಕ್ಕೆ ಫೋನ್ ಪಕ್ಕಕ್ಕಿಟ್ಟರು ಅಂದಿರಲ್ಲ, ಅದು ನನಗೆ ವಾರಕ್ಕೊಮ್ಮೆ ಆಗುತ್ತದೆ. ಇವತ್ತಿಗೂ ಹಳೆಯ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಸುತ್ತೋಲೆ ಬರುತ್ತದೆ. ನೋಡುವವರಿಗೆ ಅದು ಚಂದದ ಕನ್ನಡ. ನನ್ನ ಕಿವಿಗೆ "ಪಿ, ಎ, ಪೌಂಡ್, ಎ". ಸಹೋದ್ಯೋಗಿಯನ್ನು ಕರೆದು ಓದಿಸಿಕೊಳ್ಳಬೇಕು. ಗುಟ್ಟಿನ ವಿಷಯ ಇದ್ದರೂ ಅವರ ಮುಂದೆಯೇ.

ಕೇಳಿಸುವುದರ ಬಗ್ಗೆ ಹೇಳುತ್ತೇನೆ. ಆಂಡ್ರಾಯ್ಡ್ ಫೋನಿನ ಕನ್ನಡ ದನಿ ಹಿರಿಯರಿಗೆ ಪರವಾಗಿಲ್ಲ. ಇ-ಸ್ಪೀಕ್ ದನಿ ನನಗೆ ಅಭ್ಯಾಸ, ವೇಗವಾಗಿ ಓದುತ್ತದೆ. ಆದರೆ ಹೊಸಬರಿಗೆ ಅದು ತಗಡು ಬಡಿದ ಹಾಗೆ ಕೇಳುತ್ತದೆ, ಬೇಡ. ವೇಗ ಕಡಿಮೆ ಇಡಿ. ಒಂದೊಂದು ಫೈಲು ಹತ್ತು ನಿಮಿಷಕ್ಕಿಂತ ಜಾಸ್ತಿ ಇರದಂತೆ ತುಂಡು ಮಾಡಿ. ಕೇಳುವವರಿಗೆ ಪುಟ ತಿರುವಿ ಹಿಂದಕ್ಕೆ ಹೋಗಲು ಆಗುವುದಿಲ್ಲ. ಎಲ್ಲಿ ನಿಲ್ಲಿಸಿದೆ ಅನ್ನುವುದು ತಪ್ಪಿದರೆ ಬಹಳ ಬೇಸರ. ಪ್ರತಿ ಫೈಲಿನ ಮೊದಲ ಸಾಲಿನಲ್ಲಿ "ಹನ್ನೆರಡನೆಯದು, ಬಾವಿಗಳು" ಅಂತ ಹೆಸರು ಇರಲಿ.

ಮೊದಲ ವಾರ ನೀವೇ ಫೋನ್ ಒತ್ತಿಕೊಡಿ. ಆಮೇಲೆ ಅವರ ಬೆರಳನ್ನು ಹಿಡಿದು ಕಲಿಸಿ. 'ನಿಮಗೆ ಆಗಲ್ಲ ಬಿಡಿ' ಅಂತ ಮಾತ್ರ ಹೇಳಬೇಡಿ. ನೋಡದೆ ಟೈಪ್ ಮಾಡಿದ ಬೆರಳು ಅವು.

ತಿದ್ದುವ ವಿಷಯ. ದಯವಿಟ್ಟು ಊರ ಮಾತನ್ನು ಮುಟ್ಟಬೇಡಿ. ನಾನು ಇತಿಹಾಸದವನು. ಗದ್ದೆಯ ಹೆಸರಿನಲ್ಲಿ ಒಂದು ಅಕ್ಷರ 'ಸರಿ' ಮಾಡಿದರೆ ಆ ಗದ್ದೆ ಎರಡನೇ ಸಲ ಮುಳುಗಿದ ಹಾಗೆ. ಮೂಲ ಫೈಲನ್ನು ಹಾಗೇ ಇಡಿ. ಬೆರಳು ತಪ್ಪಿದ್ದನ್ನು ತಿದ್ದುವ ಪ್ರತಿ ಬೇರೆ ಇರಲಿ. ಅನುಮಾನ ಬಂದ ಕಡೆ ಅವರನ್ನೇ ಕೇಳಿ, ಕೇಳಲು ಅವರಿದ್ದಾರಲ್ಲ.

ಉತ್ತರ: ಕರೂರು ಸೀಮೆಯವಳು

ನಮ್ಮ ಅಜ್ಜಿಯ ತವರೂ ಮುಳುಗಡೆಯದ್ದು. ಅಜ್ಜಿ ಹೋಗಿ 9 ವರ್ಷ ಆಯಿತು. ಅವರು ಹೇಳಿದ್ದನ್ನು ಯಾರೂ ಬರೆದಿಡಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದಲ್ಲ, ಜನ ಹೋಗಿ ಫೋಟೋ ತೆಗೆದುಕೊಂಡು ಬರುತ್ತಾರೆ. ಅದರ ಸುತ್ತ ಯಾರ್‍ಯಾರ ಮನೆ ಇತ್ತು ಅಂತ ಹೇಳುವವರು ಈಗ ಕೆಲವೇ ಜನ.

ನನ್ನದು ಎರಡೇ ಮಾತು. ಒಂದು, ಫೋನಿನ ದನಿ ಇರಲಿ, ಕೆಲವು ಪುಟವನ್ನಾದರೂ ನೀವೇ ಓದಿ ಹೇಳಿ. ಅವರು ನಡುವೆ ಮಾತಾಡುತ್ತಾರೆ, ಅದನ್ನು ರೆಕಾರ್ಡ್ ಮಾಡಿ. ಎರಡು, ಅಪ್ಪ ಒಪ್ಪಿದರೆ ನಮಗೂ ಓದಲು ಕೊಡಿ.

ಮತ್ತೆ: ಹೊಳೆಬಾಗಿಲು (ಮೂರು ವಾರದ ನಂತರ)

ಎಲ್ಲರಿಗೂ ಮನಸಾರೆ ಧನ್ಯವಾದ.

ಅಚ್ಚುಮೊಳೆಯವರು ಹೇಳಿದಂತೆ ಫಾಂಟಿನ ಹೆಸರು ನೋಡಿ ಬದಲಿಸುವ ಪ್ರೋಗ್ರಾಂ ಬರೆದೆ. ಎರಡು ಭಾನುವಾರ ಹಿಡಿಯಿತು. ಅರ್ಕಾವತ್ತು ಇರುವ ಎಲ್ಲ ಪದಗಳನ್ನು ಪಟ್ಟಿ ಮಾಡಿ ಕಣ್ಣಲ್ಲೇ ನೋಡಿದೆ. ಬ್ಯಾಂಕಿನ ಕೆಲಸದಲ್ಲಿ ಹೇಗೆ ಮಾಡುತ್ತೇವೋ ಹಾಗೆ, ಮೂಲ ಮತ್ತು ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದೆ. 143ರಲ್ಲಿ 141 ಸರಿ ಬಂದವು. ಎರಡು ಫೈಲು ಡಿಸ್ಕಿನಲ್ಲೇ ಹಾಳಾಗಿದ್ದವು, ಅವು ಹೋದವು. ಉಳಿದದ್ದನ್ನು ಸರಳ ಪಠ್ಯವಾಗಿ ಮೂರು ಕಡೆ ಇಟ್ಟಿದ್ದೇನೆ. ಒಂದು ಪ್ರತಿ ಕಾಗದದ ಮೇಲೆ, ಅಮ್ಮನ ಕಪಾಟಿನಲ್ಲಿ.

ಈಗ ನಾನು ಮನೆಗೆ ಯಾವ ಹೊಸ ಆ್ಯಪ್ ತಂದರೂ ಮೊದಲು ಇದನ್ನೇ ನೋಡುತ್ತೇನೆ. ಇದರಲ್ಲಿ ಹಾಕಿದ್ದನ್ನು ಹೊರಗೆ ತೆಗೆಯಲು ಬರುತ್ತದಾ? ಮಗಳ ಫೋಟೋ, ಅಮ್ಮನ ದನಿ, ಆಸ್ಪತ್ರೆ ಚೀಟಿ, ಎಲ್ಲಕ್ಕೂ. ಬರುವುದಿಲ್ಲ ಅಂದರೆ ಬೇಡ. ಮಗಳು ಸುಮ್ನೆ ಹಠ ಅನ್ನುತ್ತಾಳೆ, ಅನ್ನಲಿ.

ಮೊದಲ ಫೈಲು ಕಳೆದ ಶನಿವಾರ ಕೇಳಿಸಿದೆ. ಜಗಲಿಯಲ್ಲಿ ಕೂತಿದ್ದೆವು. ಫೋನಿನ ದನಿಯಲ್ಲಿ ತಮ್ಮ ವಾಕ್ಯ ಬಂದಾಗ ಅಪ್ಪ ಕೈ ಎತ್ತಿ ಅಮ್ಮನನ್ನು ಸುಮ್ಮನಿರಲು ಹೇಳಿದರು. ಮೂರು ನಿಮಿಷ ಆಗಿರಬೇಕು, "ನಿಲ್ಲಿಸು" ಅಂದರು. ನಾನು ಹೆದರಿದೆ. "ಕೊಟ್ಟಿಗೆ ಹಿಂದೆ ಇದ್ದದ್ದು ಹಲಸಿನ ಮರ ಅಲ್ಲ, ನೇರಳೆ. ಹಲಸು ಪಕ್ಕದ ಮನೆಯವರದ್ದು. ಅವತ್ತು ತಪ್ಪು ಬರೆದಿದ್ದೇನೆ" ಅಂದರು.

ಆರು ಚುಕ್ಕಿಯವರ ಮಾತು ನೆನಪಿತ್ತು. ಮೂಲ ಮುಟ್ಟಲಿಲ್ಲ. ಫೋನಿನಲ್ಲಿ ಮಾತಾಡಿದರೆ ಕನ್ನಡ ಬರೆದುಕೊಳ್ಳುತ್ತದಲ್ಲ, ಅದನ್ನು ಅವರ ಬಾಯಿಯ ಹತ್ತಿರ ಹಿಡಿದೆ. ನೇರಳೆ ಮರದಿಂದ ಶುರು ಮಾಡಿದವರು ಪಕ್ಕದ ಮನೆಗೆ ಹೋದರು, ಅಲ್ಲಿಂದ ಕೆರೆಗೆ ಹೋದರು. ಊಟಕ್ಕೆ ಕರೆಯುವವರೆಗೂ ಹೇಳಿದರು. ಊರ ಮಾತನ್ನು ಫೋನು ಅಲ್ಲಲ್ಲಿ ತಪ್ಪು ಬರೆದುಕೊಂಡಿದೆ, ರೆಕಾರ್ಡ್ ಕೇಳಿ ಸರಿ ಮಾಡುತ್ತಿದ್ದೇನೆ. ಆ ಫೈಲಿಗೆ 144 ಅಂತ ಹೆಸರಿಟ್ಟಿದ್ದೇನೆ.

ಕರೂರು ಸೀಮೆಯವರೇ, ಅಪ್ಪನನ್ನು ಕೇಳಿದೆ. ನಿಮ್ಮ ಅಜ್ಜಿಯ ತವರಿನ ಮನೆತನದ ಹೆಸರು ಏನು ಅಂತ ಅವರು ತಿರುಗಿ ಕೇಳಿದ್ದಾರೆ. ಇಲ್ಲಿ ಬೇಡ, ಖಾಸಗಿ ಸಂದೇಶದಲ್ಲಿ ತಿಳಿಸಿ.