ಪದಚರ್ಚೆ: ‘ಕಾಲ್ ಫಾರ್ ಪೇಪರ್ಸ್’ ಫಲಕಕ್ಕೆ ಕನ್ನಡದಲ್ಲಿ ಏನು ಬರೆಸಬೇಕು? (ಸಂಜೆಯೊಳಗೆ ಬೇಕು)

ಯಾದಗಿರಿಯಿಂದ, ಬೆಳಿಗ್ಗೆ 9:10

ಕಾಲೇಜಿನ ಗ್ರಂಥಾಲಯದ ಬಾಗಿಲ ಪಕ್ಕ ಒಂದು ಕಾಯಂ ಫಲಕ ಬರುತ್ತಿದೆ. ಅಗಲ ನಾಲ್ಕು ಅಡಿ, ಎತ್ತರ ಮೂರು. ಕನ್ನಡ, ಇತಿಹಾಸ, ತತ್ವಶಾಸ್ತ್ರದ ಸಂಶೋಧಕರಿಗೆ ಎಲ್ಲಿ ವಿಚಾರಸಂಕಿರಣ ಇದೆ, ಯಾವ ಪತ್ರಿಕೆ ಲೇಖನ ಕೇಳಿದೆ ಎಂಬ ಚೀಟಿಗಳನ್ನು ವಾರವಾರ ಅಂಟಿಸುವುದಕ್ಕೆ. ಪೇಂಟರ್ ಐದು ಗಂಟೆಗೆ ಬರುತ್ತಾನೆ. ಶೀರ್ಷಿಕೆ ಒಂದೇ ಸಾಲಿನಲ್ಲಿ ಕೂಡಬೇಕು. ಹತ್ತು ಹನ್ನೆರಡು ಅಕ್ಷರ ಮೀರಿದರೆ ದೂರದಿಂದ ಕಾಣುವುದಿಲ್ಲ.

ಕೈಯಲ್ಲಿ ಇರುವವು: ‘ಪ್ರಬಂಧಗಳಿಗೆ ಆಹ್ವಾನ’, ‘ಪ್ರಬಂಧಾಹ್ವಾನ’, ‘ಲೇಖನ ಕರೆ’. ಜೊತೆಗೆ ಎರಡು ಪುಟದ ಕೈಪತ್ರಕ್ಕೆ ಅಬ್‌ಸ್ಟ್ರಾಕ್ಟ್ (ಲೇಖನದ ಚುಟುಕು ರೂಪ), ಪಿಯರ್ ರಿವ್ಯೂ (ಅದೇ ವಿಷಯದ ತಜ್ಞರು ಲೇಖನ ಓದಿ ಅಳೆಯುವುದು), ಪ್ರೊಸೀಡಿಂಗ್ಸ್ (ಸಂಕಿರಣದ ಲೇಖನಗಳ ಸಂಗ್ರಹ), ಪ್ರಿಡೇಟರಿ ಜರ್ನಲ್, ಡೆಡ್‌ಲೈನ್ ಇವುಗಳಿಗೂ ಪದ ಬೇಕು. ಫಲಕದ್ದು ಮೊದಲು ಹೇಳಿರಿ.

ಬೀದರದಿಂದ, 9:32

‘ಪ್ರಬಂಧ’ ಬಿಡಿರಿ. ಶಾಲೆಯ ಮಕ್ಕಳಿಗೆ ಪ್ರಬಂಧ ಸ್ಪರ್ಧೆ, ಪಿಎಚ್‌ಡಿಯವರಿಗೆ ಮಹಾಪ್ರಬಂಧ. ನಡುವಿನದಕ್ಕೂ ಅದೇ ಪದವಾದರೆ ಏನು ಕೇಳುತ್ತಿದ್ದಾರೆ ಎಂದು ತಿಳಿಯುವುದಿಲ್ಲ.

‘ಆಹ್ವಾನ’ ಇಡುವುದಾದರೆ ಪೇಂಟರ್‌ಗೆ ಕಾಗದದ ಮೇಲೆ ದೊಡ್ಡದಾಗಿ ಬರೆದು ಕೊಡಿರಿ. ಹಕಾರಕ್ಕೆ ವಕಾರದ ಒತ್ತು. ನಮ್ಮ ಕಡೆ ಹತ್ತರಲ್ಲಿ ಆರು ಬ್ಯಾನರುಗಳು ‘ಆವ್ಹಾನ’ ಎನ್ನುತ್ತವೆ. ಅದು ಮರಾಠಿಯಿಂದ ಬಂದ ರೂಪ, ಮರಾಠಿಯಲ್ಲಿ ಅದರ ಅರ್ಥ ಸವಾಲು. ವಿನಂತಿಸಿ ಕರೆಯುವುದಕ್ಕೆ ಅವರು ‘ಆವಾಹನ’ ಎನ್ನುತ್ತಾರೆ. ಕನ್ನಡದಲ್ಲಿ ಆವಾಹನೆ ಮಾಡುವುದು ದೇವರನ್ನು, ಇಲ್ಲವೇ ದೆವ್ವವನ್ನು. ಔರಾದ, ಭಾಲ್ಕಿ ಕಡೆಯ ಹುಡುಗರು ಎರಡೂ ಭಾಷೆ ಓದುತ್ತಾರೆ, ನಕ್ಕುಬಿಡುತ್ತಾರೆ.

ಕಲಬುರಗಿಯಿಂದ, 9:51

ಆಹ್ವಾನವೂ ಬೇಡ, ಆವ್ಹಾನವೂ ಬೇಡ. ‘ಕರೆ’ ಇರುವಾಗ ಸಂಸ್ಕೃತದ ಬಾಗಿಲಿಗೆ ಯಾಕೆ ಹೋಗಬೇಕು? ಕೂಗಿ ಕರೆಯುವ ‘ಕರೆ’ಗೆ ಸಾದಾ ರೇಫ (ರ), ತಮಿಳಿನಲ್ಲಿ ‘ಕರೈ’. ಹಾಲು ಕರೆಯುವುದು ಹಳಗನ್ನಡದಲ್ಲಿ ಶಕಟರೇಫದ (ಹಳೆಯ ಱ ಅಕ್ಷರದ) ‘ಕಱೆ’, ಬಟ್ಟೆಗೆ ಹತ್ತುವ ಕರೆಯೂ (ಕಲೆ) ಅದೇ ರೇಫದ್ದು. ಶಕಟರೇಫ ಬಿಟ್ಟುಕೊಟ್ಟ ಮೇಲೆ ಮೂರೂ ಒಂದಾಗಿ ಕಾಣುತ್ತವೆ, ಮೂಲ ಬೇರೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾರಾದರೂ ಎಮ್ಮೆಯ ಮಾತು ತೆಗೆಯುವ ಮುನ್ನ.

‘ಲೇಖನ ಕರೆ’ ಮಾತ್ರ ಆಗದು. ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು. ‘ಬರಹಗರೆ’ ಎನ್ನಿರಿ: ಬರಹ + ಕರೆ, ಆದೇಶಸಂಧಿ, ಐದೇ ಅಕ್ಷರ.

ಶಹಾಪುರದಿಂದ, 10:05

ಬರಹಗರೆ! ಗೆರೆ ಎಳೆಯುವ ಅಂಗಡಿ ಎಂದುಕೊಳ್ಳುತ್ತಾರೆ.

ಅರಿಸಮಾಸದ ಭಯ ಇದ್ದವರು ‘ಮಳೆಗಾಲ’ವನ್ನೂ ಬಿಡಲಿ. ಮಳೆ ಕನ್ನಡ, ಕಾಲ ಸಂಸ್ಕೃತ.

ಕಲಬುರಗಿಯಿಂದ, 10:09

‘ಕಾಲ’ ಸಮಸಂಸ್ಕೃತ, ಅಂದರೆ ಸಂಸ್ಕೃತದ ರೂಪದಲ್ಲೇ ಕನ್ನಡದ್ದಾದ ಪದ; ಅದಕ್ಕೆ ಅರಿಸಮಾಸದ ದೋಷವಿಲ್ಲ. ವ್ಯಾಕರಣ ಓದಿಕೊಂಡು ಬನ್ನಿ.

ಶಹಾಪುರದಿಂದ, 10:14

ಹಾಗಾದರೆ ‘ಲೇಖನ’ವೂ ಸಮಸಂಸ್ಕೃತವೇ, ನಿಮ್ಮ ಆಕ್ಷೇಪ ಮುಗಿಯಿತು. ಅದೂ ಬೇಡವೆಂದರೆ ಸಮಾಸವನ್ನೇ ಬಿಡಿರಿ. ಚತುರ್ಥಿ ಹಚ್ಚಿದರೆ ಜಗಳವಿಲ್ಲ: ‘ಲೇಖನಗಳಿಗೆ ಕರೆ’. ಎಂಟು ಅಕ್ಷರ.

‘ಪೇಪರ್‌ಗಳಿಗೆ ಕರೆ’ ಎಂದು ಮಾತ್ರ ಬರೆಸಬೇಡಿರಿ. ಇಲ್ಲಿ ಪೇಪರ್ ಎಂದರೆ ಪರೀಕ್ಷೆಯದು ಅಥವಾ ಬೆಳಗಿನದು. ರದ್ದಿಯವನು ತಕ್ಕಡಿ ಹಿಡಿದು ಬರುತ್ತಾನೆ.

ಕಡಗಂಚಿ ಕಡೆಯಿಂದ, 11:20

ಫಲಕಕ್ಕೆ ‘ಲೇಖನಗಳಿಗೆ ಕರೆ’ ಸಾಕು. ಕೈಪತ್ರಕ್ಕೆ ಮೊದಲು ವಸ್ತು ಬೇಕು, ಪದ ಆಮೇಲೆ. ಸಂಕಿರಣದ ಕರೆ, ಪತ್ರಿಕೆಯ ಕರೆ ಎರಡನ್ನೂ ಒಂದೇ ಹೆಸರಿನಲ್ಲಿ ಹಾಕಿದರೆ ವಿದ್ಯಾರ್ಥಿ ಎಡವುತ್ತಾನೆ. ಸಂಕಿರಣಕ್ಕೆ ಕೇಳುವುದು 250–300 ಪದದ ಪ್ರಸ್ತಾವ, ಲೇಖನ ಇನ್ನೂ ಬರೆದಿರಬೇಕಿಲ್ಲ. ಪತ್ರಿಕೆಯ ವಿಶೇಷ ಸಂಚಿಕೆ ಕೆಲವೊಮ್ಮೆ ಮೊದಲು ಪ್ರಸ್ತಾವ, ಆಮೇಲೆ ಪೂರ್ಣ ಲೇಖನ ಕೇಳುತ್ತದೆ. ಸಾಮಾನ್ಯ ಸಂಚಿಕೆಗೆ ಕರೆಯೇ ಇರುವುದಿಲ್ಲ, ವರ್ಷವಿಡೀ ಕಳಿಸಬಹುದು. ಕರೆ ಬರಲಿ ಎಂದು ಫಲಕ ನೋಡುತ್ತ ಕೂತವರು ಇದನ್ನು ತಿಳಿಯದೇ ವರ್ಷ ಕಳೆಯುತ್ತಾರೆ.

ಕರೆಗಳು ಸಿಗುವ ಜಾಲತಾಣ, ಸಂಸ್ಥೆಗಳು: ಇಂಗ್ಲಿಷ್ ಸಾಹಿತ್ಯ, ಸಂಸ್ಕೃತಿ ಅಧ್ಯಯನಕ್ಕೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗ ನಡೆಸುವ ಕರೆಪಟ್ಟಿ, ಅಲ್ಲಿ ವಿಷಯವಾರು ವಿಂಗಡಣೆ ಇದೆ. ಇತಿಹಾಸದವರಿಗೆ ಎಚ್-ನೆಟ್‌ನ ಪ್ರಕಟಣೆಗಳು, ಅದರಲ್ಲೂ ಎಚ್-ಏಷ್ಯಾ. ತತ್ವಶಾಸ್ತ್ರಕ್ಕೆ ಫಿಲ್‌ಇವೆಂಟ್ಸ್, ಭಾಷಾಶಾಸ್ತ್ರಕ್ಕೆ ಲಿಂಗ್ವಿಸ್ಟ್ ಲಿಸ್ಟ್. ಮನೆಯ ಹತ್ತಿರದವು: ಕರ್ನಾಟಕ ಇತಿಹಾಸ ಅಕಾಡೆಮಿಯ ಸಮ್ಮೇಳನ, ಅದರ ಲೇಖನಗಳು ‘ಇತಿಹಾಸ ದರ್ಶನ’ದಲ್ಲಿ ಬರುತ್ತವೆ. 1935ರಲ್ಲಿ ಪುಣೆಯಲ್ಲಿ ಶುರುವಾದ ಭಾರತೀಯ ಇತಿಹಾಸ ಕಾಂಗ್ರೆಸ್ ಸಾಮಾನ್ಯವಾಗಿ ಡಿಸೆಂಬರ್ ಕೊನೆಯಲ್ಲಿ ಸೇರುತ್ತದೆ. ಅಲ್ಲಿ ಲೇಖನ ಓದಲು ಸದಸ್ಯತ್ವ ಬೇಕು. ಅದನ್ನು ಮರೆತು ಲೇಖನ ಒಂದನ್ನೇ ಕಳಿಸಿದರೆ ಕೆಲಸ ಆಗುವುದಿಲ್ಲ.

ಈಗ ಅಬ್‌ಸ್ಟ್ರಾಕ್ಟ್. ‘ಸಾರಾಂಶ’ ಎಂದರೆ ಇರುವುದರ ಸಾರ. ಪತ್ರಿಕೆಗೆ ಸರಿ, ಅಲ್ಲಿ ಲೇಖನ ಮುಂದೆಯೇ ಇರುತ್ತದೆ. 150–200 ಪದದ ‘ಲೇಖನಸಾರ’ ಎನ್ನಿರಿ. ಸಂಕಿರಣಕ್ಕೆ ‘ಪ್ರಸ್ತಾವ’ವೇ ಸರಿ. ‘ಸಾರಾಂಶ ಕಳಿಸಿ’ ಎಂದು ಕೇಳಿದರೆ ಹುಡುಗರು ವಿಷಯದ ಸಾರಾಂಶ ಬರೆಯುತ್ತಾರೆ, ತಮ್ಮ ವಾದವನ್ನಲ್ಲ. ‘ಕಲಬುರಗಿ ಜಿಲ್ಲೆಯು ಪ್ರಾಚೀನ ಕಾಲದಿಂದಲೂ’ ಎಂದು ಶುರುವಾಗಿ ಇನ್ನೂರು ಪದ ಹಿನ್ನೆಲೆಯಲ್ಲೇ ಹೋಗುತ್ತದೆ, ಆಯ್ಕೆ ಮಾಡುವವರಿಗೆ ಪ್ರಶ್ನೆ ಏನೆಂದೇ ಕಾಣುವುದಿಲ್ಲ. ಮೊದಲ ಎರಡು ವಾಕ್ಯದಲ್ಲಿ ಪ್ರಶ್ನೆ ಬರಬೇಕು: ನಾಗಾವಿಯ 1058ರ ಶಾಸನದಲ್ಲಿ ಬರುವ ಸರಸ್ವತೀ ಭಂಡಾರಿಗರ (ಗ್ರಂಥಭಂಡಾರದವರ) ಹೊಣೆ ಏನಿತ್ತು, ಬರೀ ಪುಸ್ತಕ ಕಾಯುವುದೋ, ಪಾಠವೂ ಇತ್ತೋ? ಆಮೇಲೆ ಆಕರ, ಅಂದರೆ ಯಾವ ಶಾಸನ, ಅದರ ಯಾವ ಪಠ್ಯರೂಪ, ಹೋಲಿಕೆಗೆ ಯಾವ ಘಟಿಕಾಸ್ಥಾನ (ಹಿಂದಿನ ಕಾಲದ ವಿದ್ಯಾಕೇಂದ್ರ). ಆಮೇಲೆ ವಿಧಾನ. ಕೊನೆಗೆ ಏನು ತೋರಿಸುತ್ತೀರಿ, ಈವರೆಗೆ ಹೇಳಿದವರಿಗಿಂತ ಅದು ಹೇಗೆ ಬೇರೆ. ಹಿನ್ನೆಲೆಗೆ ಮೂರು ವಾಕ್ಯ ಸಾಕು.

ಪದಮಿತಿಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟುವುದರಿಂದ ಇಂಗ್ಲಿಷಿನ 300 ಪದದ ವಿಷಯ ಕನ್ನಡದಲ್ಲಿ ಇನ್ನೂರರ ಆಸುಪಾಸಿಗೆ ಇಳಿಯುತ್ತದೆ. ಕನ್ನಡದ 300ನ್ನು ಹಾಗೇ ಅನುವಾದಿಸಿ ಕಳಿಸಿದರೆ ಮಿತಿ ದಾಟುತ್ತದೆ, ಜಾಲದ ಅರ್ಜಿ ಮಿಕ್ಕಿದ್ದನ್ನು ಅರ್ಧ ವಾಕ್ಯದಲ್ಲಿ ಕತ್ತರಿಸಿಬಿಡಬಹುದು.

ಕಲಬುರಗಿಯಿಂದ, 11:41

‘ಲೇಖನಸಾರ’, ‘ಪ್ರಸ್ತಾವ’. ಎರಡೂ ಸಂಸ್ಕೃತ. ‘ತಿರುಳು’ ಎಂಬ ಪದ ಯಾರ ಮನೆಯಲ್ಲಿ ಸತ್ತಿದೆ?

ಬೀದರದಿಂದ, 11:48

ತಿರುಳು ಹಣ್ಣಿಗೆ ಇರಲಿ. ‘ಕರೆ’ಗೂ ನನ್ನದು ಅರ್ಧ ಒಪ್ಪಿಗೆ. ಪತ್ರಿಕೆ ಓದುವವನಿಗೆ ಕರೆ ಎಂದರೆ ಬಂದ್‌ಗೆ ಕರೆ, ಇಲ್ಲವೇ ದೂರವಾಣಿ ಕರೆ.

ಸೇಡಂನಿಂದ, 12:30

‘ಪ್ರಿಡೇಟರಿ ಜರ್ನಲ್’ಗೆ ದಯವಿಟ್ಟು ‘ಪರಭಕ್ಷಕ ಪತ್ರಿಕೆ’ ಬೇಡ. ವನ್ಯಜೀವಿ ಸಂಚಿಕೆ ಎಂದು ಚಂದಾ ಕಟ್ಟುತ್ತಾರೆ. ‘ನಕಲಿ ಪತ್ರಿಕೆ’ಯೂ ತಪ್ಪು, ಅದು ಬೇರೆ ರೋಗ. ನಿಜವಾದ ಪತ್ರಿಕೆಯ ಹೆಸರು, ಐಎಸ್‌ಎಸ್‌ಎನ್ (ಪತ್ರಿಕೆಗಳಿಗೆ ಕೊಡುವ ಸಂಖ್ಯೆ) ಎರಡನ್ನೂ ಕದ್ದು ಬೇರೆ ಜಾಲತಾಣ ತೆರೆದರೆ ಅದು ನಕಲಿ. ಹೆಸರು ತನ್ನದೇ, ಆದರೆ ಪರಾಮರ್ಶೆ ಮಾಡದೇ ದುಡ್ಡು ತೆಗೆದುಕೊಂಡು ಅಚ್ಚು ಹಾಕಿದರೆ ಅದು ಪ್ರಿಡೇಟರಿ. ಈ ಇಂಗ್ಲಿಷ್ ಹೆಸರನ್ನು 2010ರಲ್ಲಿ ಚಲಾವಣೆಗೆ ತಂದವರು ಕೊಲೊರಾಡೊದ ಗ್ರಂಥಪಾಲಕ ಜೆಫ್ರಿ ಬೀಲ್. ಅವರ ಪಟ್ಟಿ 2017ರ ಜನವರಿಯಲ್ಲಿ ಮುಚ್ಚಿತು. ನನ್ನ ಮತ ‘ಸುಲಿಗೆ ಪತ್ರಿಕೆ’ಗೆ.

ಕೈಪತ್ರದಲ್ಲಿ ಇದನ್ನು ದಪ್ಪಕ್ಷರದಲ್ಲಿ ಹಾಕಿರಿ: ಐಎಸ್‌ಎಸ್‌ಎನ್ ಗುಣಮಟ್ಟದ ಮುದ್ರೆ ಅಲ್ಲ, ಬರೀ ಗುರುತಿನ ಸಂಖ್ಯೆ. ಎಂಟು ಅಂಕಿ, ಕೊನೆಯದು ತಾಳೆಯ ಅಂಕಿ. ಮೊದಲ ಏಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಆ ಮೊತ್ತಕ್ಕೆ ಎಂಟನೆಯದನ್ನು ಸೇರಿಸಿದರೆ 11ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಹತ್ತು ಬರಬೇಕಾದ ಕಡೆ ‘ಎಕ್ಸ್’ ಹಾಕುತ್ತಾರೆ. ಲೆಕ್ಕ ತಪ್ಪಿದರೆ ಸಂಖ್ಯೆಯೇ ಸುಳ್ಳು. ಲೆಕ್ಕ ಕೂಡಿದರೂ ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಹೆಸರು ತಾಳೆ ನೋಡಬೇಕು, ಕದ್ದ ಸಂಖ್ಯೆಯ ಲೆಕ್ಕವೂ ಕೂಡುತ್ತದೆ.

ಇನ್ನೊಂದು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿದ ಪತ್ರಿಕೆಗಳ ‘ಯುಜಿಸಿ-ಕೇರ್’ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಡಲಾಗಿದೆ. ಈಗ ಇರುವುದು ಪತ್ರಿಕೆ ಆರಿಸಲು ಸೂಚಕ ಮಾನದಂಡಗಳು ಮಾತ್ರ. ಮುಖಪುಟದಲ್ಲಿ ಇವತ್ತಿಗೂ ‘ಯುಜಿಸಿ ಮಾನ್ಯತೆ’ ಎಂದು ಮಿನುಗಿಸುವ ಪತ್ರಿಕೆ ಕಂಡರೆ ಅಲ್ಲೇ ನಿಲ್ಲಿರಿ. ‘ಮೂರು ದಿನದಲ್ಲಿ ಪ್ರಕಟಣೆ, ಪ್ರಮಾಣಪತ್ರ ಸಹಿತ’ ಎಂಬ ವಾಟ್ಸ್ಯಾಪ್ ಸಂದೇಶಕ್ಕೂ ಅದೇ. ಮಾನವಿಕ ವಿಷಯದ ಲೇಖನವನ್ನು ಇಬ್ಬರು ಓದಿ ಟಿಪ್ಪಣಿ ಬರೆಯಲು ತಿಂಗಳುಗಳೇ ಬೇಕು. ಪಿಎಚ್‌ಡಿಗೆ ಲೇಖನ ಪ್ರಕಟವಾಗಿರಲೇಬೇಕು ಎಂಬ ಯುಜಿಸಿ ಕಡ್ಡಾಯ 2022ರ ನಿಯಮದಲ್ಲಿ ಹೋಗಿದೆ. ಆದರೆ ವಿಶ್ವವಿದ್ಯಾಲಯ ತನ್ನದೇ ನಿಯಮದಲ್ಲಿ ಕೇಳಬಹುದು. ನೋಂದಣಿಯಾದ ವರ್ಷದ ನಿಯಮಾವಳಿ ತೆಗೆದು ನೋಡಿಕೊಂಡೇ ದುಡ್ಡು ಬಿಚ್ಚಿರಿ.

ಪ್ರೊಸೀಡಿಂಗ್ಸ್‌ಗೆ ‘ನಡವಳಿ’ ಬೇಡ, ಅದು ಸರ್ಕಾರಿ ಆದೇಶದ ತಲೆಬರಹ. ‘ಸಂಕಿರಣ ಸಂಪುಟ’ ಎನ್ನಿರಿ. ಅದಕ್ಕೆ ಸಿಗುವುದು ಸಾಮಾನ್ಯವಾಗಿ ಪುಸ್ತಕದ ಐಎಸ್‌ಬಿಎನ್, 13 ಅಂಕಿ. ಸಂಪುಟದಲ್ಲಿ ಬಂದದ್ದನ್ನು ‘ಪತ್ರಿಕಾ ಲೇಖನ’ ಎಂದು ಅರ್ಜಿಯಲ್ಲಿ ತೋರಿಸಿದರೆ ಅಂಕ ಕಡಿಯುತ್ತಾರೆ.

ಶಹಾಪುರದಿಂದ, 12:52

ಪಿಯರ್ ರಿವ್ಯೂಗೆ ‘ಸಹತಜ್ಞ ಪರಾಮರ್ಶೆ’. ‘ಸಮಾನಸ್ಕಂಧ’ ಎಂದು ಬರೆದರೆ ಹೆಗಲು ಅಳೆಯುತ್ತಾರೆ. ಡಬಲ್ ಬ್ಲೈಂಡ್ (ಬರೆದವರು, ಪರಾಮರ್ಶಿಸುವವರು ಯಾರೆಂದು ಪರಸ್ಪರ ತಿಳಿಯದ ಪದ್ಧತಿ) ಎಂದರೆ ‘ಹೆಸರು ಮರೆಸಿದ ಪರಾಮರ್ಶೆ’, ಕುರುಡನ್ನು ಎಳೆದು ತರಬೇಡಿರಿ. ಕಳಿಸುವ ಮೊದಲು ಫೈಲಿನ ಗುಣಲಕ್ಷಣದಲ್ಲಿ ಕೂತಿರುವ ಹೆಸರು ತೆಗೆಯಬೇಕು, ‘ನನ್ನ ಹಿಂದಿನ ಲೇಖನದಲ್ಲಿ’ ಎಂಬಂಥ ಮಾತುಗಳನ್ನೂ. ಒಂದೇ ಲೇಖನ ಒಂದೇ ಹೊತ್ತಿಗೆ ಎರಡು ಪತ್ರಿಕೆಗೆ ಬೇಡ. ಸಿಕ್ಕಿಬಿದ್ದರೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ.

‘ನುಡಿ’ ತಂತ್ರಾಂಶದ ಹಳೇ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಜಾಲದ ಅರ್ಜಿಗೆ ಅಂಟಿಸಿದರೆ ಬೀಳುವುದು ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್‌ಗೆ ತಿರುಗಿಸಿರಿ, ತಿರುಗಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿರಿ. ‘ಧರ್ಮ’, ‘ಕರ್ನಾಟಕ’, ಇವೇ ಮೊದಲು ಕೆಡುವುದು.

ಯಾದಗಿರಿಯಿಂದ, 1:15

‘ಲೇಖನಗಳಿಗೆ ಕರೆ’ ಎಂದು ಪೇಂಟರ್‌ಗೆ ಕಳಿಸಿದೆ. ‘ಸುಲಿಗೆ ಪತ್ರಿಕೆ’ಯನ್ನು ಪ್ರಾಚಾರ್ಯರು ಒಪ್ಪುವುದು ಅನುಮಾನ, ಕೇಳಿ ನೋಡುತ್ತೇವೆ. ಡೆಡ್‌ಲೈನ್ ಉಳಿದಿದೆ. ‘ಮುದ್ದತು’ ಬರೆಯಬಹುದೇ?

ಕಲಬುರಗಿಯಿಂದ, 1:22

ಆಗದು. ಅರಬ್ಬಿ. ‘ಗಡುವು’ ಇದೆಯಲ್ಲ.

ಸೇಡಂನಿಂದ, 1:30

ಕಾಗದ ಪಾರಸಿಯದು, ಅರ್ಜಿ ಅರಬ್ಬಿಯದು, ತಾರೀಖೂ ಅರಬ್ಬಿಯದು. ಈ ಮೂರೂ ಇಲ್ಲದೇ ನಿಮ್ಮ ಶುದ್ಧ ಕನ್ನಡದಲ್ಲಿ ಒಂದು ಸಂಕಿರಣಕ್ಕೆ ಹೆಸರು ಹಚ್ಚಿ ತೋರಿಸಿರಿ. ಸಂತೆಯಿಂದ ಕೋರ್ಟಿನ ತನಕ ಈ ಭಾಗದ ಜನ ಮುದ್ದತು ಎನ್ನುತ್ತಾರೆ. ಬೆಂಗಳೂರಿನ ನಿಘಂಟಿನವರಿಗೆ ಕೇಳಿಸದಿದ್ದರೆ ಅದು ಅವರ ಕಿವಿ.

ಕಲಬುರಗಿಯಿಂದ, 1:34

ಕೋರ್ಟಿನ ಕನ್ನಡವನ್ನು ಮಾದರಿ ಎನ್ನುವವರ ಜೊತೆ ನನಗೆ ಮಾತಿಲ್ಲ.

ಕಡಗಂಚಿ ಕಡೆಯಿಂದ, 2:05

ಗಡುವು, ಮುದ್ದತು ಯಾವುದಾದರೂ ಹಾಕಿರಿ, ಗಂಟೆಯನ್ನೂ ಹಾಕಿರಿ. ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 11:59 ನಮಗೆ ಮರುದಿನ ಬೆಳಿಗ್ಗೆ 9:29, ಚಳಿಗಾಲದಲ್ಲಿ 10:29. ‘ಭೂಮಿಯ ಎಲ್ಲಿಯಾದರೂ’ (ಎನಿವೇರ್ ಆನ್ ಅರ್ಥ್, ಅಂದರೆ ಭೂಮಿಯ ಕೊನೆಯ ಸಮಯವಲಯದಲ್ಲೂ ಆ ದಿನ ಮುಗಿಯುವ ತನಕ) ಎಂದಿದ್ದರೆ ಮರುದಿನ ಸಂಜೆ 5:29ರ ತನಕ. ಇನ್ನು ಭಾರತದ ಸಂಕಿರಣಗಳಲ್ಲಿ ಮೂರು ತಾರೀಖು ಬೇರೆ ಬೇರೆ ಇರುತ್ತವೆ: ಪ್ರಸ್ತಾವಕ್ಕೆ, ಶುಲ್ಕಕ್ಕೆ, ಪೂರ್ಣ ಲೇಖನಕ್ಕೆ. ಚೀಟಿಯಲ್ಲಿ ಮೂರೂ ಬರಲಿ. ಸ್ವೀಕೃತಿ ಪತ್ರ ಕೈಗೆ ಬರುವ ಮುಂಚೆ ಶುಲ್ಕ ಕಟ್ಟಬೇಡಿ ಎಂದೂ ಬರೆಯಿರಿ. ಐಸಿಎಸ್‌ಎಸ್‌ಆರ್ (ಸಮಾಜವಿಜ್ಞಾನ ಸಂಶೋಧನಾ ಮಂಡಳಿ), ಐಸಿಎಚ್‌ಆರ್‌ಗಳಿಗೆ (ಇತಿಹಾಸ ಸಂಶೋಧನಾ ಮಂಡಳಿ) ಪ್ರಯಾಣ ನೆರವು ಕೇಳುವವರಿಗೂ ಅದೇ ಪತ್ರ ಬೇಕಾಗುತ್ತದೆ.

ಬೀದರದಿಂದ, 2:20

ಕೈಪತ್ರದಲ್ಲಿ ‘ಕೀನೋಟ್’ ಬರುತ್ತದೆಯೇ? ‘ಶಿಖರೋಪನ್ಯಾಸ’ ಎಂದರೆ ಹೇಗೆ?

ಶಹಾಪುರದಿಂದ, 2:23

‘ದಿಕ್ಸೂಚಿ ಭಾಷಣ’ ಆಗಲೇ ಇದೆ. ಬೇಕಿದ್ದರೆ ಬೇರೆ ವಿಷಯಸಾಲಿನಲ್ಲಿ ಕೇಳಿರಿ.