ಸಾಫ್ಟ್‌ವೇರ್ ಬಿಟ್ಟು ಅಮೆರಿಕದಲ್ಲಿ ಆಕ್ಸಿಲರೇಟೆಡ್ ನರ್ಸಿಂಗ್ ಪದವಿಗೆ ಅರ್ಜಿ: ಯಾವುದನ್ನು ಮೊದಲು ಮಾಡಬೇಕು?

ಪ್ರಶ್ನೆ: ತುಂಗಾತೀರ (ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ವಿಟಿಯು ಅಧೀನದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಮುಗಿಸಿ, ಮೊದಲು ಬೆಂಗಳೂರಿನಲ್ಲಿ, ಅನಂತರ ಇಲ್ಲಿ, ದಶಕಕ್ಕೂ ಹೆಚ್ಚು ಕಾಲ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು ನಾನು. ಪತಿಯವರು ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದಾರೆ, ಅವರ ಐ-140 (ಗ್ರೀನ್ ಕಾರ್ಡಿಗಾಗಿ ಉದ್ಯೋಗದಾತರು ಸಲ್ಲಿಸುವ ಅರ್ಜಿ) ಮಂಜೂರಾಗಿದೆ, ಅವರ ಅವಲಂಬಿತಳಾಗಿ ನನಗೆ ಎಚ್-4 ವೀಸಾ ಮತ್ತು ಇಎಡಿ (ಕೆಲಸ ಮಾಡುವ ಅನುಮತಿಪತ್ರ) ಇವೆ. ಕಳೆದ ವರ್ಷ ಕಂಪನಿಯವರು ನಮ್ಮ ಇಡೀ ವಿಭಾಗವನ್ನೇ ಮುಚ್ಚಿದರು. ಮತ್ತೆ ಅದೇ ಕೆಲಸ ಹುಡುಕುವ ಬದಲು, ಮಾವನವರ ಡಯಾಲಿಸಿಸ್ ನೋಡಿಕೊಳ್ಳುತ್ತಿದ್ದ ಕಾಲದಿಂದ ಮನಸ್ಸಿನಲ್ಲಿದ್ದ ನರ್ಸಿಂಗ್ ಓದಿನ ಯೋಚನೆಯನ್ನು ಈಗ ಗಂಭೀರವಾಗಿ ಕೈಗೆತ್ತಿಕೊಂಡಿದ್ದೇನೆ.

ಬೇರೆ ವಿಷಯದಲ್ಲಿ ಪದವಿ ಇರುವವರು ಒಂದು, ಒಂದೂವರೆ ವರ್ಷದಲ್ಲಿ ಬಿಎಸ್ಎನ್ (ನರ್ಸಿಂಗ್ ಪದವಿ) ಪಡೆಯುವ ಎಬಿಎಸ್ಎನ್ (ಆಕ್ಸಿಲರೇಟೆಡ್ ಬಿಎಸ್ಎನ್) ಕಾರ್ಯಕ್ರಮಗಳ ಬಗ್ಗೆ ಓದಿದ್ದೇನೆ. ನನ್ನ ಅಳುಕುಗಳು ಇವು. ಪಿಯುಸಿಯಲ್ಲಿ ನಾನು ತೆಗೆದುಕೊಂಡದ್ದು ಪಿಸಿಎಂಇ. ಎಸ್ಸೆಸ್ಸೆಲ್ಸಿಯ ನಂತರ ಜೀವಶಾಸ್ತ್ರದ ಪುಸ್ತಕವನ್ನು ತೆರೆದೇ ಇಲ್ಲ. ಬಿ.ಇ.ಯ ಮೊದಲ ಸೆಮಿಸ್ಟರುಗಳಲ್ಲಿ ಬ್ಯಾಕ್‌ಲಾಗ್‌ಗಳಿದ್ದವು, ಆದ್ದರಿಂದ ಜಿಪಿಎ (ಗ್ರೇಡುಗಳ ಸರಾಸರಿ) ಹೇಗೆ ಲೆಕ್ಕವಾಗುವುದೋ ತಿಳಿಯದು. ಪ್ರಬಂಧದಲ್ಲಿ ಕೆಲಸ ಹೋದದ್ದನ್ನು ಬರೆಯಬೇಕೇ, ಬೇಡವೇ? ಎಚ್-4ನಲ್ಲಿ ಇದ್ದುಕೊಂಡು ಸಾಲ ಸಿಗುವುದೇ, ಓದಿನ ಬಳಿಕ ಕೆಲಸಕ್ಕೆ ತೊಡಕಾಗುವುದೇ? ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಾರೆ, ನನಗೆ ನಲವತ್ತು ಹತ್ತಿರವಾಗುತ್ತಿದೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಉತ್ತರ: ರಾತ್ರಿಪಾಳಿ

ನಮಸ್ಕಾರ ಮೇಡಂ. ನಾನು ಬ್ಯಾಂಕಿನ ಲೆಕ್ಕಪತ್ರದ ಕೆಲಸದಿಂದ ಇದೇ ದಾರಿ ಹಿಡಿದು ಬಂದು, ಈಗ ಫಿಲಡೆಲ್ಫಿಯಾ ಸಮೀಪದ ಆಸ್ಪತ್ರೆಯೊಂದರಲ್ಲಿ ಹೃದ್ರೋಗ ವಿಭಾಗದ ನರ್ಸ್ ಆಗಿದ್ದೇನೆ. ನೀವು ಕೇಳಿದ ಕ್ರಮದಲ್ಲಿ ಉತ್ತರಿಸುತ್ತಿಲ್ಲ, ಕ್ಷಮಿಸಿ. ಈ ಅರ್ಜಿಯಲ್ಲಿ ಯಾವ ಕೆಲಸವನ್ನು ಮೊದಲು ಮಾಡುತ್ತೀರಿ ಎಂಬುದರ ಮೇಲೆಯೇ ಒಂದು ವರ್ಷ ಉಳಿಯುವುದೋ ಹೋಗುವುದೋ ತೀರ್ಮಾನವಾಗುತ್ತದೆ, ಮತ್ತು ಹೆಚ್ಚಿನವರು ಎಲ್ಲಕ್ಕಿಂತ ಕೊನೆಗೆ ಬರೆಯಬೇಕಾದ ಪ್ರಬಂಧದಿಂದಲೇ ಆರಂಭಿಸುತ್ತಾರೆ.

ಮೊದಲು ಅಂಕಪಟ್ಟಿಗಳ ಮೌಲ್ಯಮಾಪನ. ಡಬ್ಲ್ಯುಇಎಸ್, ಇಸಿಇ ಮೊದಲಾದ ಸಂಸ್ಥೆಗಳಲ್ಲಿ ನಿಮ್ಮ ಕಾಲೇಜು ಒಪ್ಪುವುದು ಯಾವುದೆಂದು ಕೇಳಿ, ಪ್ರತಿ ವಿಷಯವನ್ನೂ ಬಿಡಿಬಿಡಿಯಾಗಿ ತೋರಿಸುವ ಬಗೆಯ ವರದಿಯನ್ನೇ ಮಾಡಿಸಿ. ಪದವಿ ಸಮಾನವೆಂದಷ್ಟೇ ಹೇಳುವ ಚಿಕ್ಕ ವರದಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕಾದ್ದರಿಂದ ಊರಿನಲ್ಲಿ ಯಾರಾದರೂ ಓಡಾಡುವವರಿದ್ದರೆ ಈಗಲೇ ಹೇಳಿಡಿ. ಕರ್ನಾಟಕದವರಿಗೆ ಇನ್ನೊಂದು ತೊಡಕಿದೆ: ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಬರೀ ಇನಿಶಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ತಂದೆಯ ಅಥವಾ ಪತಿಯ ಪೂರ್ಣ ಹೆಸರು ಬಂದಿರುತ್ತದೆ. ಎರಡೂ ಒಬ್ಬರೇ ಎಂದು ತೋರಿಸುವ ಅಫಿಡವಿಟ್ ಅಥವಾ ಮದುವೆಯ ಪ್ರಮಾಣಪತ್ರ ಸಿದ್ಧವಿರಲಿ. ನಿಮ್ಮದು ನಾಲ್ಕು ವರ್ಷದ ಬಿ.ಇ. ಆದ್ದರಿಂದ ಪದವಿಯ ಸಮಾನತೆಯಲ್ಲಿ ತಕರಾರು ಬರುವ ಸಂಭವ ಕಡಿಮೆ; ಮೂರು ವರ್ಷದ ಬಿ.ಕಾಂ., ಬಿ.ಎಸ್ಸಿ.ಯವರಿಗೇ ಈ ಹಂತದಲ್ಲಿ ಹೆಚ್ಚು ಪರದಾಟ.

ಎರಡನೆಯದು ಪ್ರೀರಿಕ್ವಿಸಿಟ್, ಅಂದರೆ ಪ್ರವೇಶಕ್ಕೆ ಮುನ್ನ ಮುಗಿಸಿರಬೇಕಾದ ಕೋರ್ಸುಗಳು. ಕಾಲೇಜಿನಿಂದ ಕಾಲೇಜಿಗೆ ಪಟ್ಟಿ ಬೇರೆಯಾದರೂ ಅನಾಟಮಿ ಮತ್ತು ಫಿಸಿಯಾಲಜಿಯ ಎರಡು ಭಾಗಗಳು, ಮೈಕ್ರೋಬಯಾಲಜಿ, ರಸಾಯನಶಾಸ್ತ್ರ, ಸ್ಟ್ಯಾಟಿಸ್ಟಿಕ್ಸ್, ಹುಟ್ಟಿನಿಂದ ಮುಪ್ಪಿನವರೆಗಿನ ಬೆಳವಣಿಗೆಯ ಮನಶ್ಶಾಸ್ತ್ರ, ಪೌಷ್ಟಿಕತೆ ಇವು ಬಹುತೇಕ ಎಲ್ಲೆಡೆ ಇರುತ್ತವೆ. ಅನಾಟಮಿಯ ಎರಡನೆಯ ಭಾಗಕ್ಕೆ ಮೊದಲನೆಯದು ಮುಗಿದಿರಬೇಕಾದ್ದರಿಂದ, ಎಷ್ಟೇ ಆತುರಪಟ್ಟರೂ ಎರಡು ಸೆಮಿಸ್ಟರ್ ಬೇಕೇ ಬೇಕು. ವಿಜ್ಞಾನದ ಕೋರ್ಸುಗಳು ಐದು ಅಥವಾ ಏಳು ವರ್ಷಗಳಿಗಿಂತ ಹಳೆಯವಾಗಿರಬಾರದೆಂಬ ನಿಯಮ ಅನೇಕ ಕಡೆ ಇದೆ, ಆದ್ದರಿಂದ ನಿಮ್ಮ ಎಂಜಿನಿಯರಿಂಗ್ ಕೆಮಿಸ್ಟ್ರಿಯನ್ನು ನಂಬಿಕೊಳ್ಳಬೇಡಿ. ಇದರಲ್ಲಿ ನಿಮಗೆ ಅನುಕೂಲವೂ ಇದೆ. ಬಹಳಷ್ಟು ಕಾಲೇಜುಗಳು ಒಟ್ಟಾರೆ ಜಿಪಿಎ 3.0 ಇರಬೇಕೆಂದು ಹೇಳಿದರೂ, ಈ ಕೋರ್ಸುಗಳ ಜಿಪಿಎಯನ್ನು ಪ್ರತ್ಯೇಕವಾಗಿ ನೋಡುತ್ತವೆ. ಹದಿನೆಂಟರ ಹರೆಯದ ಬ್ಯಾಕ್‌ಲಾಗ್‌ಗಿಂತ ಈಗ ಅನಾಟಮಿಯಲ್ಲಿ ಪಡೆಯುವ ‘ಎ’ ಗ್ರೇಡಿಗೆ ತೂಕ ಹೆಚ್ಚು. ಕಮ್ಯುನಿಟಿ ಕಾಲೇಜಿನಲ್ಲಿ ಕಲಿತರೆ ಸಾಕು, ಆದರೆ ಆನ್‌ಲೈನ್ ಲ್ಯಾಬನ್ನು ಒಪ್ಪುತ್ತಾರೆಯೇ ಎಂದು ನೀವು ಸೇರಬೇಕೆಂದಿರುವ ಕಡೆ ಮೊದಲೇ ಇಮೇಲ್ ಮೂಲಕ ಖಚಿತಪಡಿಸಿಕೊಳ್ಳಿ.

ಪ್ರವೇಶ ಪರೀಕ್ಷೆ ಕೆಲವೆಡೆ ಟೀಸ್, ಕೆಲವೆಡೆ ಹೆಸಿ ಎ2, ಕೆಲವೆಡೆ ಯಾವುದೂ ಇಲ್ಲ. ಟೀಸ್‌ನಲ್ಲಿ 209 ನಿಮಿಷಗಳಲ್ಲಿ 170 ಪ್ರಶ್ನೆಗಳಿದ್ದು, ಅವುಗಳಲ್ಲಿ 50 ವಿಜ್ಞಾನದವು. ಗಣಿತ ನಿಮಗೆ ಸುಲಭ. ಅನಾಟಮಿಯ ಒಂದು ಭಾಗವಾದರೂ ಮುಗಿದ ಮೇಲೆ ಬರೆಯಿರಿ.

ಕಾಲೇಜಿನ ಆಯ್ಕೆಯ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಹನ್ನೊಂದು ತಿಂಗಳೋ ಹದಿನಾರು ತಿಂಗಳೋ ಎಂಬುದನ್ನು ಕೊನೆಗೆ ನೋಡಿ. ಮೊದಲು ನೋಡಬೇಕಾದದ್ದು ರಾಜ್ಯದ ನರ್ಸಿಂಗ್ ಮಂಡಳಿಯ ಅನುಮೋದನೆ, ಸಿಸಿಎನ್ಇ ಅಥವಾ ಎಸಿಇಎನ್ ಸಂಸ್ಥೆಯ ಮಾನ್ಯತೆ, ನರ್ಸ್ ಪರವಾನಗಿಯ ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲಿ ಮೊದಲ ಬಾರಿಗೇ ತೇರ್ಗಡೆಯಾದವರ ಪ್ರಮಾಣ, ಸೇರಿದವರಲ್ಲಿ ಸಮಯಕ್ಕೆ ಸರಿಯಾಗಿ ಮುಗಿಸಿದವರ ಪ್ರಮಾಣ. ಕೊನೆಯ ಎರಡನ್ನೂ ಒಟ್ಟಿಗೆ ಕೇಳಿ. ಅರ್ಧದಷ್ಟು ಜನರನ್ನು ನಡುವೆಯೇ ಕೈಬಿಟ್ಟು ಉಳಿದವರ ತೇರ್ಗಡೆಯನ್ನು ಜಾಹೀರಾತು ಮಾಡುವುದು ಕಷ್ಟದ ಕೆಲಸವಲ್ಲ. ಕ್ಲಿನಿಕಲ್ ತರಬೇತಿಗೆ ಆಸ್ಪತ್ರೆಯನ್ನು ಕಾಲೇಜೇ ಗೊತ್ತುಮಾಡುವುದೇ ಎಂಬುದನ್ನೂ ವಿಚಾರಿಸಿ. 2023ರ ಜನವರಿಯಲ್ಲಿ ‘ಆಪರೇಷನ್ ನೈಟಿಂಗೇಲ್’ ಎಂಬ ಫೆಡರಲ್ ತನಿಖೆಯ ವಿವರ ಹೊರಬಿದ್ದಾಗ, ಫ್ಲಾರಿಡಾದ ಮೂರು ನರ್ಸಿಂಗ್ ಶಾಲೆಗಳ ಹೆಸರಿನಲ್ಲಿ 7,600ಕ್ಕೂ ಹೆಚ್ಚು ಖೋಟಾ ಡಿಪ್ಲೊಮಾಗಳು ಮಾರಾಟವಾಗಿದ್ದವೆಂದು ತಿಳಿಯಿತು. ‘ಬೇಗ, ಸುಲಭ’ ಎನ್ನುವವರಿಂದ ದೂರವಿರಿ.

ಈಗ ಪ್ರಬಂಧ. ಕೆಲಸ ಹೋದದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಅರ್ಜಿ ಓದುವವರು ಹುಡುಕುವುದು ನೀವು ಯಾವುದನ್ನು ಬಿಟ್ಟು ಬರುತ್ತಿದ್ದೀರಿ ಎಂಬುದನ್ನಲ್ಲ, ನರ್ಸಿನ ದಿನ ಹೇಗಿರುತ್ತದೆಂದು ನಿಮಗೆ ಗೊತ್ತಿದೆಯೇ ಎಂಬುದನ್ನು. ಮಾವನವರ ಆರೈಕೆಯನ್ನು ಬರೆಯಿರಿ, ಆದರೆ ಅದೊಂದೇ ಸಾಲದು. ಮನೆಯವರಿಗೆ ಮಾಡಿದ ಸೇವೆಯ ಕಥೆ ಪ್ರತಿ ಮೂರನೆಯ ಅರ್ಜಿಯಲ್ಲಾದರೂ ಇರುತ್ತದೆಂದು ನನ್ನ ಅಂದಾಜು. ಸಾಧ್ಯವಾದರೆ ಸಿಎನ್ಎ (ನರ್ಸ್ ಸಹಾಯಕರ) ತರಬೇತಿ ಪಡೆಯಿರಿ. ಫೆಡರಲ್ ನಿಯಮದಂತೆ ಅದು ಕನಿಷ್ಠ 75 ಗಂಟೆಯದು, ಹಲವು ರಾಜ್ಯಗಳಲ್ಲಿ ಇನ್ನೂ ಹೆಚ್ಚು. ನರ್ಸಿಂಗ್ ಹೋಮಿನಲ್ಲಿ ಪರಿಚಯವೇ ಇಲ್ಲದ ಹಿರಿಯರ ಮೈ ಒರೆಸಿ, ಬಟ್ಟೆ ಬದಲಿಸಿ, ಬೈಗುಳವನ್ನೂ ಕೇಳಿಸಿಕೊಂಡ ಮೇಲೆ ನಿಮಗೆ ಇನ್ನೂ ಈ ಕೆಲಸ ಬೇಕೆನಿಸಿದರೆ, ಪ್ರಬಂಧಕ್ಕೆ ವಿಷಯ ಹುಡುಕಬೇಕಾಗಿ ಬರುವುದಿಲ್ಲ. ಬೇಡವೆನಿಸಿದರೂ ದೊಡ್ಡ ಮೊತ್ತದ ಶುಲ್ಕ ಉಳಿದಂತೆಯೇ.

ವಯಸ್ಸಿನ ಚಿಂತೆ ಬಿಡಿ. ನಮ್ಮ ತರಗತಿಯಲ್ಲಿ ಐವತ್ತು ದಾಟಿದವರೂ ಇದ್ದರು.

ಉತ್ತರ: ಹಳೇ ಮೈಸೂರು

ರಾತ್ರಿಪಾಳಿಯವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ಆದರೆ ಮಕ್ಕಳಿರುವ ಮನೆಗೆ ಎಬಿಎಸ್ಎನ್ನೇ ಸರಿಯಾದ ದಾರಿಯೇ ಎಂಬ ಪ್ರಶ್ನೆಯನ್ನು ಅವರು ಎತ್ತಲಿಲ್ಲ. ಕಮ್ಯುನಿಟಿ ಕಾಲೇಜಿನ ಎಡಿಎನ್ (ನರ್ಸಿಂಗ್ ಅಸೋಸಿಯೇಟ್) ಪದವಿಯೂ ಇದೆ. ಎರಡು ವರ್ಷದ್ದಾದರೂ ಕೌಂಟಿಯ ನಿವಾಸಿಗಳಿಗೆ ಶುಲ್ಕ ಬಹಳ ಕಡಿಮೆ, ಬರೆಯುವುದು ಅದೇ ಎನ್‌ಕ್ಲೆಕ್ಸ್-ಆರ್‌ಎನ್, ಸಿಗುವುದು ಅದೇ ಆರ್‌ಎನ್ (ನೋಂದಾಯಿತ ನರ್ಸ್) ಪರವಾನಗಿ. ಆಮೇಲೆ ಕೆಲಸ ಮಾಡುತ್ತಲೇ ಆನ್‌ಲೈನಿನಲ್ಲಿ ಬಿಎಸ್ಎನ್ ಮುಗಿಸಬಹುದು. ಎಷ್ಟೋ ಆಸ್ಪತ್ರೆಗಳು ಅದರ ಶುಲ್ಕದಲ್ಲಿ ಒಂದು ಪಾಲನ್ನೂ ಭರಿಸುತ್ತವೆ.

ಎಬಿಎಸ್ಎನ್ ಪರವಾದ ವಾದವೂ ಇದೆಯೆಂದು ಒಪ್ಪುತ್ತೇನೆ. ನಗರಗಳ ದೊಡ್ಡ ಆಸ್ಪತ್ರೆಗಳು ಹೊಸಬರನ್ನು ತೆಗೆದುಕೊಳ್ಳುವಾಗ ಬಿಎಸ್ಎನ್ ಇರುವವರಿಗೆ ಆದ್ಯತೆ ಕೊಡುತ್ತವೆ, ಮತ್ತು ನಿಮ್ಮ ಪಕ್ಕದ ನ್ಯೂಯಾರ್ಕ್ ರಾಜ್ಯವು 2017ರಲ್ಲಿ ಮಾಡಿದ ಕಾನೂನಿನಂತೆ ಅಲ್ಲಿ ಹೊಸದಾಗಿ ಆರ್‌ಎನ್ ಆಗುವವರು ಹತ್ತು ವರ್ಷಗಳೊಳಗೆ ಆ ಪದವಿ ಪಡೆಯಬೇಕು. ಆದರೂ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ 11 ತಿಂಗಳ ಕಾರ್ಯಕ್ರಮದಂಥದ್ದಕ್ಕೆ ಸೇರಿದರೆ ಅಷ್ಟು ಕಾಲ ಸಂಬಳದ ಕೆಲಸ ಬಹುತೇಕ ಅಸಾಧ್ಯ. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗಿನ ಕ್ಲಿನಿಕಲ್ ದಿನಗಳಲ್ಲಿ ಮಕ್ಕಳನ್ನು ಶಾಲೆಗೆ ಬಿಡುವವರು ಯಾರು, ಕರೆತರುವವರು ಯಾರು ಎಂಬುದನ್ನು ಪತಿಯವರೊಂದಿಗೆ ಕುಳಿತು ವಾರದ ಲೆಕ್ಕದಲ್ಲಿ ಬರೆದು ನೋಡಿ. ಆ ಕಾಗದ ತುಂಬದಿದ್ದರೆ ಎಡಿಎನ್ ಕಡೆ ಹೋಗಿ.

ಪ್ರತಿಕ್ರಿಯೆ: ತುಂಗಾತೀರ

ಇಬ್ಬರಿಗೂ ಅನಂತ ಧನ್ಯವಾದಗಳು. ಎಡಿಎನ್ ವಿಚಾರವನ್ನು ನಾನು ಇಷ್ಟು ಗಮನವಿಟ್ಟು ನೋಡಿರಲಿಲ್ಲ; ಪ್ರೀರಿಕ್ವಿಸಿಟ್‌ಗಳು ಎರಡಕ್ಕೂ ಬಹುಮಟ್ಟಿಗೆ ಒಂದೇ ಆಗಿರುವಂತೆ ಕಾಣುವುದರಿಂದ ಮೊದಲ ಸೆಮಿಸ್ಟರಿಗೆ ತೊಂದರೆಯಿಲ್ಲ ಎನಿಸುತ್ತದೆ. ವೀಸಾ ಮತ್ತು ಹಣದ ಬಗ್ಗೆ ತಿಳಿದವರು ದಯವಿಟ್ಟು ಹೇಳಿ. ಊರಿಗೆ ಬಂದು ಅಲ್ಲಿಯೇ ಕಡಿಮೆ ಖರ್ಚಿನಲ್ಲಿ ಓದಬಾರದೇಕೆ ಎಂದು ನಮ್ಮ ತಂದೆಯವರು ಕೇಳುತ್ತಿದ್ದಾರೆ. ಅದಕ್ಕೂ ಉತ್ತರ ಬೇಕಾಗಿದೆ.

ಉತ್ತರ: ಕಾಗದಪತ್ರ

ನಾನು ವಕೀಲನಲ್ಲ, ಅಂತಿಮ ನಿರ್ಧಾರಕ್ಕೆ ಮುನ್ನ ವಲಸೆ ವಕೀಲರನ್ನು ಕೇಳಿ. ಎಚ್-4ನಲ್ಲಿ ಓದಲು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಿಲ್ಲ. ಫೆಡರಲ್ ವಿದ್ಯಾರ್ಥಿ ಸಾಲ ಎಚ್-4ನವರಿಗೆ ಇಲ್ಲ; ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಪೌರರೋ ಗ್ರೀನ್ ಕಾರ್ಡ್ ಇರುವವರೋ ಜಾಮೀನು ನಿಲ್ಲಬೇಕು. ಪೆಲ್ ಗ್ರಾಂಟ್ ಎಂಬ ಫೆಡರಲ್ ಸಹಾಯಧನವಂತೂ ಒಂದು ಪದವಿ ಇರುವ ಪೌರರಿಗೂ ಸಿಗುವುದಿಲ್ಲ, ಅದರ ಆಸೆ ಬೇಡ. ಶುಲ್ಕದ ವಿಷಯದಲ್ಲಿ ಎಚ್-4ನವರನ್ನು ರಾಜ್ಯದ ನಿವಾಸಿಗಳೆಂದು ಪರಿಗಣಿಸುತ್ತಾರೆಯೇ ಎಂಬುದನ್ನು ಆಯಾ ಕಾಲೇಜಿನಲ್ಲಿಯೇ ಕೇಳಬೇಕು, ಏಕೆಂದರೆ ವ್ಯತ್ಯಾಸ ದೊಡ್ಡದು.

ಕೆಲಸದ ಮಟ್ಟಿಗೆ ಇಎಡಿಯೇ ನಿಮ್ಮ ಆಧಾರ. ಆರ್‌ಎನ್ ಪರವಾನಗಿಗೆ ಬಿಎಸ್ಎನ್ ಕಡ್ಡಾಯವಲ್ಲದ ಕಾರಣ ಸಾಮಾನ್ಯ ನರ್ಸ್ ಹುದ್ದೆಗೆ ಎಚ್-1ಬಿ ಸಿಗುವುದು ಕಷ್ಟ. 2025ರ ಅಕ್ಟೋಬರ್ 30ರಿಂದ ಈಚೆಗೆ ಸಲ್ಲಿಸಿದ ಇಎಡಿ ನವೀಕರಣದ ಅರ್ಜಿಗಳಿಗೆ ಮೊದಲಿನಂತೆ ತಾನಾಗಿಯೇ ಅವಧಿ ವಿಸ್ತರಣೆಯಾಗುವುದಿಲ್ಲ. ನವೀಕರಣ ತಡವಾದರೆ ಕೆಲಸ ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಪದವಿ ಮುಗಿಯುವ ತಿಂಗಳು ಮತ್ತು ಇಎಡಿ ಮುಗಿಯುವ ತಿಂಗಳು ಎರಡನ್ನೂ ಒಟ್ಟಿಗೆ ನೋಡಿಕೊಂಡು ಪ್ರವೇಶದ ಋತುವನ್ನು ಆರಿಸಿ. ನರ್ಸ್ ಹುದ್ದೆ ಕಾರ್ಮಿಕ ಇಲಾಖೆಯ ‘ಶೆಡ್ಯೂಲ್ ಎ’ ಪಟ್ಟಿಯಲ್ಲಿರುವುದರಿಂದ ಆಸ್ಪತ್ರೆಯವರು ಪರ್ಮ್ (ಕಾರ್ಮಿಕ ಇಲಾಖೆಯ ಪ್ರಮಾಣೀಕರಣ) ಹಂತವಿಲ್ಲದೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಆದರೆ ಭಾರತದಲ್ಲಿ ಹುಟ್ಟಿದವರು ಗ್ರೀನ್ ಕಾರ್ಡಿಗೆ ಕಾಯುವ ಇಬಿ-3 ವರ್ಗದ ಸಾಲು ಅದರಿಂದ ಚಿಕ್ಕದಾಗುವುದಿಲ್ಲ.

ತಂದೆಯವರಿಗೆ ಹೀಗೆ ಹೇಳಿ. ಬೇರೆ ಪದವಿ ಇರುವವರಿಗೆ ಇಂಥ ಕಿರಿದಾದ ಹಾದಿ ನಮ್ಮಲ್ಲಿ ಇಲ್ಲ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ್ದು, ಅದಕ್ಕೆ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರಬೇಕು. ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇರುವುದು ಈಗಾಗಲೇ ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ನೋಂದಣಿಯಾದ ನರ್ಸುಗಳಿಗೆ. ನಿಮ್ಮ ಪಿಸಿಎಂಇಗೆ ಆ ಬಾಗಿಲು ತೆರೆಯುವುದಿಲ್ಲ.

ಉತ್ತರ: ರಾತ್ರಿಪಾಳಿ

ಒಂದು ವಿಷಯ ಬಿಟ್ಟುಹೋಗಿತ್ತು. ಪ್ರವೇಶ ಸಿಕ್ಕ ಮೇಲೆ ಕ್ಲಿನಿಕಲ್ ಆರಂಭವಾಗುವ ಮುನ್ನ ದಡಾರ, ಸೀತಾಳೆ ಸಿಡುಬು (ಚಿಕನ್‌ಪಾಕ್ಸ್), ಹೆಪಟೈಟಿಸ್ ಬಿ ಮೊದಲಾದವುಗಳಿಗೆ ರೋಗನಿರೋಧಕತೆಯ ರಕ್ತಪರೀಕ್ಷೆ, ಕ್ಷಯದ ಪರೀಕ್ಷೆ, ಪೊಲೀಸ್ ದಾಖಲೆಯ ಪರಿಶೀಲನೆ ಎಲ್ಲವೂ ಆಗಬೇಕು. ನಮ್ಮಲ್ಲಿ ಬಹುತೇಕರಿಗೆ ಹುಟ್ಟಿದಾಗಲೇ ಕ್ಷಯದ ಬಿಸಿಜಿ ಲಸಿಕೆ ಹಾಕಿರುವುದರಿಂದ ಚರ್ಮದ ಪರೀಕ್ಷೆಯಲ್ಲಿ ಕ್ಷಯವಿಲ್ಲದಿದ್ದರೂ ಇದೆಯೆಂದು ಬರಬಹುದು; ಕ್ವಾಂಟಿಫೆರಾನ್‌ನಂಥ ರಕ್ತಪರೀಕ್ಷೆಯನ್ನೇ ಕೇಳಿ ಪಡೆಯಿರಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸಿನ ಕ್ರಮಕ್ಕೆ ಆರು ತಿಂಗಳು ಹಿಡಿಯುತ್ತದೆ. ಹಾಕಿಸಿಕೊಂಡ ದಾಖಲೆ ಇಲ್ಲದಿದ್ದರೆ ಅನಾಟಮಿ ತರಗತಿ ಸೇರುವ ವಾರದಲ್ಲಿಯೇ ವೈದ್ಯರನ್ನು ಕಾಣಿ.